ಆಯಿಲ್ ಅಕ್ಯುಮುಲೇಟರ್ ಕೂರಿಸುವಾಗ ಗಾಳಿಯ ಲೆಕ್ಕ: ನನ್ನ ಅನುಭವ

ಉದ್ದನೆಯ ತಿರುವಿನಲ್ಲಿ ಕಾರಿನ ಮೇಲೆ ಪಕ್ಕದಿಂದ 1 ಜಿ, ಅಂದರೆ ಕಾರಿನ ತೂಕದಷ್ಟೇ, ಬಲ ಬಿದ್ದರೆ ಸಂಪಿನೊಳಗಿನ (ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿಯ) ಎಣ್ಣೆ 45 ಡಿಗ್ರಿ ವಾಲಿ ಒಂದು ಗೋಡೆಗೆ ಏರಿ ನಿಲ್ಲುತ್ತದೆ. ಪಂಪಿಗೆ ಎಣ್ಣೆ ಹೀರುವ ಪಿಕಪ್ ಪೈಪಿನ ಬಾಯಿ ಬಯಲಾಗುತ್ತದೆ, ಪಂಪು ಗಾಳಿ ಎಳೆಯುತ್ತದೆ, ಆರೇಳು ಸಾವಿರ ಆರ್‌ಪಿಎಂನಲ್ಲಿ ತಿರುಗುತ್ತಿರುವ ಬಿಗ್ ಎಂಡ್ (ಕನೆಕ್ಟಿಂಗ್ ರಾಡು ಕ್ರ್ಯಾಂಕಿಗೆ ಕೂರುವ ಕಡೆಯ) ಬೇರಿಂಗು ಒಣಗುತ್ತದೆ. ಹೊಸೂರಿನಿಂದ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟುಕೋಟೈ ರೇಸ್ ಟ್ರ್ಯಾಕಿಗೋ ಕಾರು ಒಯ್ಯುವವರು ಆಯಿಲ್ ಅಕ್ಯುಮುಲೇಟರ್, ಅಂದರೆ ಪ್ರೆಷರ್ ಬಿದ್ದಾಗ ಎಣ್ಣೆ ಕೊಡುವ ಮೀಸಲು ಸಿಲಿಂಡರು, ಕೂರಿಸಿಕೊಡಿ ಎಂದು ಬಂದಾಗ ನಾನು ಮೊದಲು ಸಂಪು ಬಿಚ್ಚಿಸುತ್ತೇನೆ. ಒಳಗೆ ಬ್ಯಾಫಲ್, ಅಂದರೆ ಎಣ್ಣೆ ಪಕ್ಕಕ್ಕೆ ಓಡದಂತೆ ತಡೆಯುವ ಅಡ್ಡತಗಡು, ಇಲ್ಲದಿದ್ದರೆ ಮೊದಲು ಅದು. ಅಕ್ಯುಮುಲೇಟರ್ ಕೊಡುವುದು ಒಂದೆರಡು ಸೆಕೆಂಡುಗಳ ಎಣ್ಣೆ ಮಾತ್ರ. ಬ್ಯಾಫಲ್ ಮಾಡಬೇಕಾದ ಕೆಲಸವನ್ನು ಅದರ ತಲೆಗೆ ಕಟ್ಟಬಾರದು.

ನಾನು ಕೂರಿಸಿದ್ದು ಹೋಂಡಾ ನಾಲ್ಕು ಸಿಲಿಂಡರ್ ಎಂಜಿನ್ ಇರುವ ಎರಡು ಸೀಟಿನ ಟ್ರ್ಯಾಕ್ ಕಾರಿಗೆ. ಸಿಲಿಂಡರು ಅಕ್ಯುಸಂಪ್ ಮಾದರಿಯದು, 2 ಕ್ವಾರ್ಟ್, ಅಂದರೆ ಸುಮಾರು 1.9 ಲೀಟರ್. ಅಲ್ಯೂಮಿನಿಯಂ ಕೊಳವೆಯೊಳಗೆ ಓ-ರಿಂಗ್ ಹಾಕಿದ ಪಿಸ್ಟನ್ ತೇಲುತ್ತಿರುತ್ತದೆ. ಒಂದು ಕಡೆ ಗಾಳಿ, ಇನ್ನೊಂದು ಕಡೆ ಎಂಜಿನ್ನಿನ ಎಣ್ಣೆ. ಪಂಪಿನ ಪ್ರೆಷರ್ ಇದ್ದಾಗ ಎಣ್ಣೆ ಒಳನುಗ್ಗಿ ಗಾಳಿಯನ್ನು ಅದುಮುತ್ತದೆ. ಪ್ರೆಷರ್ ಬಿದ್ದ ಕ್ಷಣ ಗಾಳಿ ಹಿಗ್ಗಿ ಎಣ್ಣೆಯನ್ನು ಗ್ಯಾಲರಿಗೆ (ಬೇರಿಂಗಿಗೆ ಎಣ್ಣೆ ಒಯ್ಯುವ, ಬ್ಲಾಕಿನೊಳಗಿನ ದಾರಿಗೆ) ವಾಪಸು ತಳ್ಳುತ್ತದೆ.

ಎಣ್ಣೆ ಎಷ್ಟು ಸಿಗುತ್ತದೆ ಎಂಬುದು ಸಿಲಿಂಡರಿನ ಅಳತೆಗಿಂತ ಹೆಚ್ಚಾಗಿ ಮೊದಲು ತುಂಬಿಸುವ ಗಾಳಿಯ ಮೇಲೆ ನಿಂತಿದೆ. ವಾತಾವರಣದ 14.7 ಪಿಎಸ್‌ಐ ಸೇರಿಸಿ ಲೆಕ್ಕ ಹಾಕಬೇಕು. ಖಾಲಿ ಸಿಲಿಂಡರಿಗೆ 10 ಪಿಎಸ್‌ಐ ಗಾಳಿ ಹಾಕಿದರೆ, ಎಣ್ಣೆ 60 ಪಿಎಸ್‌ಐ ಮುಟ್ಟಿದಾಗ ಒಳಗೆ ಸುಮಾರು 1.27 ಲೀಟರ್ ಸೇರಿರುತ್ತದೆ. ಪ್ರೆಷರ್ 40ಕ್ಕೆ ಇಳಿಯುವಷ್ಟರಲ್ಲಿ ಅದರಲ್ಲಿ ಹೊರಬರುವುದು ಕಾಲು ಲೀಟರಿಗೂ ಕಡಿಮೆ. 20ಕ್ಕೆ ಇಳಿಯುವ ಹೊತ್ತಿಗೆ 0.7 ಲೀಟರ್. ಎಂಜಿನ್ನು ನಿಮಿಷಕ್ಕೆ 30 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಂಡರೆ ಇದು ಒಂದೂವರೆ ಸೆಕೆಂಡಿನ ಆಸರೆ. ಎಣ್ಣೆ ಹಠಾತ್ತನೆ ಹೊರನುಗ್ಗುವಾಗ ಗಾಳಿ ತಣ್ಣಗಾಗುವುದರಿಂದ ನಿಜಕ್ಕೆ ಸಿಗುವುದು ಇನ್ನೂ ಸ್ವಲ್ಪ ಕಡಿಮೆ.

ಹಾಗಾದರೆ 20 ಪಿಎಸ್‌ಐ ಹಾಕಬಹುದಲ್ಲ? ಕಾಗದದ ಮೇಲೆ ಅದೇ ಹೆಚ್ಚು ಲಾಭ: ಸೇರುವುದು 1.02 ಲೀಟರ್, ಅಷ್ಟೂ 20ರ ಮೇಲೆಯೇ ಹೊರಬರುತ್ತದೆ. ಆದರೆ ಬಿಸಿ ಎಂಜಿನ್ನು ಐಡ್ಲಿಂಗ್‌ನಲ್ಲಿ 20ರ ಆಸುಪಾಸಿಗೆ ಇಳಿದಾಗಲೆಲ್ಲ ಸಿಲಿಂಡರು ಪೂರ್ತಿ ಖಾಲಿಯಾಗಿ ಸಂಪಿಗೆ ಒಂದು ಲೀಟರ್ ಹೆಚ್ಚುವರಿ ಎಣ್ಣೆ ಬೀಳುತ್ತದೆ. ಕ್ರ್ಯಾಂಕು ಅದನ್ನು ಕಡೆದು ನೊರೆ ಮಾಡುತ್ತದೆ. ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಬೇರಿಂಗಿಗೆ ಹೋಗಬೇಕಾದ ಎಣ್ಣೆಯಲ್ಲಿ ಸಿಲಿಂಡರು ಪಾಲು ಕೇಳುತ್ತದೆ. 10 ಇಟ್ಟರೆ ಅದೇ ಐಡ್ಲಿಂಗ್‌ನಲ್ಲೂ ಅರ್ಧ ಲೀಟರ್ ಒಳಗೆ ಉಳಿದಿರುತ್ತದೆ. ಆದ್ದರಿಂದ ನಾನು ಇಡುವುದು 10, ಅದೂ ಎಣ್ಣೆ ಪೂರ್ತಿ ಹೊರಹೋಗಿ ಪಿಸ್ಟನ್ ಎಣ್ಣೆಯ ತುದಿಗೆ ತಗುಲಿ ನಿಂತಿರುವಾಗ. ಪಂಕ್ಚರ್ ಅಂಗಡಿಯ ಗೇಜು ಇಷ್ಟು ಕೆಳಗೆ ನಂಬಿಕೆಗೆ ಯೋಗ್ಯವಲ್ಲ. 0ಯಿಂದ 30ರವರೆಗಿನ ಸಣ್ಣ ಗೇಜು ಬೇಕು. ಹೊಸೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ 10 ತೋರಿಸಿದ್ದು ಚೆನ್ನೈಯ ಸಮುದ್ರಮಟ್ಟದಲ್ಲಿ, ಬಿಸಿಲನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಒಂದೂವರೆ ಪಿಎಸ್‌ಐ ಕಡಿಮೆ ತೋರಿಸುತ್ತದೆ. ಟ್ರ್ಯಾಕಿನಲ್ಲೇ ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಜೋಡಣೆಗೆ ಆಯಿಲ್ ಫಿಲ್ಟರ್ ಜಾಗವೇ ಸುಲಭ. ಹೋಂಡಾ ಫಿಲ್ಟರಿನ ಥ್ರೆಡ್ ಎಂ20 x 1.5, ಬೇಕಾದದ್ದು ಅದಕ್ಕೆ ಹೊಂದುವ, ಎಂಜಿನ್ ಬ್ಲಾಕಿಗೂ ಫಿಲ್ಟರಿಗೂ ನಡುವೆ ಕೂರುವ ಸ್ಯಾಂಡ್‌ವಿಚ್ ಪ್ಲೇಟು, ಒಳಗೆ ಒನ್-ವೇ ವಾಲ್ವ್ ಇರುವಂಥದ್ದು. ವಾಲ್ವ್ ಇಲ್ಲದಿದ್ದರೆ ಸಿಲಿಂಡರಿನ ಎಣ್ಣೆ ಬೇರಿಂಗಿಗೆ ಹೋಗುವ ಬದಲು ಪಂಪಿನ ಮೂಲಕ ಹಿಂದಕ್ಕೆ ಸೋರಬಹುದು. ಪ್ಲೇಟು ಹಾಕುವ ಮುಂಚೆ ಹಳೆಯ ಫಿಲ್ಟರಿನ ರಬ್ಬರ್ ಬ್ಲಾಕಿಗೆ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಒಂದರ ಮೇಲೊಂದು ಎರಡು ರಬ್ಬರ್ ಕೂತರೆ ಸ್ಟಾರ್ಟ್ ಮಾಡಿದ ಕೂಡಲೇ ಎಣ್ಣೆ ಚಿಮ್ಮುತ್ತದೆ.

ಹೋಸ್ ಡ್ಯಾಶ್-10 ಅಳತೆಯದು, ಒಳವ್ಯಾಸ ಸುಮಾರು ಅರ್ಧ ಇಂಚಿಗಿಂತ ಕಡಿಮೆ ಇರಬಾರದು. ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಇರುವ ಊರಾದ್ದರಿಂದ ಹೈಡ್ರಾಲಿಕ್ ಹೋಸ್ ಕ್ರಿಂಪ್ ಮಾಡಿಸುವುದು ಕಷ್ಟವಲ್ಲ. 37 ಡಿಗ್ರಿ ಕೋನದ ತುದಿಯ ಜೆಐಸಿ ಫಿಟಿಂಗೂ ಸಿಗುತ್ತದೆ. ಆದರೆ ಎರಡು ಕಡೆ ಎಚ್ಚರ ಬೇಕು. ಸಾಮಾನ್ಯ ಹೈಡ್ರಾಲಿಕ್ ಹೋಸಿಗೆ 100 ಡಿಗ್ರಿ ಮಿತಿ, ಟ್ರ್ಯಾಕಿನಲ್ಲಿ ಎಣ್ಣೆ 120 ದಾಟುತ್ತದೆ. ಹಾಗಾಗಿ ಪಿಟಿಎಫ್‌ಇ (ಟೆಫ್ಲಾನ್) ಒಳಪದರದ, ಸ್ಟೀಲ್ ಹೆಣಿಗೆಯ ಹೋಸನ್ನೇ ಕೇಳಬೇಕು. ಇನ್ನೊಂದು ಥ್ರೆಡ್ಡಿನದು. ಸಿಲಿಂಡರಿನ ಬಾಯಿ ಅಮೆರಿಕನ್ ಪೈಪ್ ಥ್ರೆಡ್ಡಾದ ಎನ್‌ಪಿಟಿ, ಅಂಗಡಿಯಲ್ಲಿ ಕೈಗೆ ಸಿಗುವುದು ಬ್ರಿಟಿಷ್ ಥ್ರೆಡ್ಡಾದ ಬಿಎಸ್‌ಪಿ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಅದಕ್ಕೇ ಒಂದರೊಳಗೊಂದು ಹತ್ತುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ. ಹಲ್ಲಿನ ಕೋನ ಮಾತ್ರ ಒಂದರದು 60 ಡಿಗ್ರಿ, ಇನ್ನೊಂದರದು 55. ಬಿಸಿಯಾದ ಮೇಲೆ ಸೋರಿಯೇ ಸೋರುತ್ತದೆ. ಎನ್‌ಪಿಟಿಗೆ ದ್ರವ ಸೀಲಂಟ್ ಹಚ್ಚುತ್ತೇನೆ. ಟೆಫ್ಲಾನ್ ಟೇಪಿನ ಚೂರು ಗ್ಯಾಲರಿಗೆ ಹೋದರೆ ಎಣ್ಣೆಯ ದಾರಿ ಕಟ್ಟುತ್ತದೆ. 37 ಡಿಗ್ರಿ ಕೋನಕ್ಕೆ ಏನನ್ನೂ ಹಚ್ಚಬಾರದು. ಹೋಸ್ ಕತ್ತರಿಸಿದಾಗ ಒಳಗುಳಿಯುವ ಲೋಹದ ಪುಡಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಂಪ್ರೆಸರ್ ಗಾಳಿ ಹೊಡೆಯದೆ ಜೋಡಿಸಬಾರದು.

ಸಿಲಿಂಡರನ್ನು ಎಂಜಿನ್ನಿಗೆ ಕಟ್ಟದೆ ಚಾಸಿಗೆ ಕಟ್ಟಿ, ಸೈಲೆನ್ಸರ್ ಪೈಪಿನಿಂದ ದೂರ ಇಟ್ಟು, ಎಂಜಿನ್ ಅಲುಗಾಟಕ್ಕೆ ಹೋಸಿನಲ್ಲಿ ಸ್ವಲ್ಪ ಸಡಿಲ ಬಿಡಬೇಕು. ಕ್ಲಾಂಪಿನ ಕೆಳಗೆ ರಬ್ಬರ್ ಪಟ್ಟಿ ಹಾಕಿ ಹದವಾಗಿ ಬಿಗಿಯಬೇಕು. ಅತಿಯಾಗಿ ಬಿಗಿದರೆ ಕೊಳವೆ ಚಪ್ಪಟೆಯಾಗಿ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ.

ಎಣ್ಣೆ ತುಂಬಿಸುವುದು ಹೀಗೆ: ಸಂಪಿಗೆ ಮಾಮೂಲಿ ಅಳತೆ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ಸಿಲಿಂಡರಿಗೆ ಎಣ್ಣೆ ಬಿಡುವ ಬಾಲ್ ವಾಲ್ವನ್ನು ನಿಧಾನವಾಗಿ ತೆರೆಯಬೇಕು. 3000 ಆರ್‌ಪಿಎಂನಲ್ಲಿ ಸಿಲಿಂಡರು ತುಂಬಿದ ಮೇಲೆ ವಾಲ್ವ್ ಮುಚ್ಚಿ, ಎಂಜಿನ್ ಆಫ್ ಮಾಡಿ, ಡಿಪ್‌ಸ್ಟಿಕ್ ನೋಡಿ ಕಡಿಮೆಯಾದಷ್ಟು ತುಂಬಿಸಬೇಕು. ಮುಂದೆಯೂ ಇದೇ ಕ್ರಮ: ಪ್ರೆಷರ್ ಇರುವಾಗಲೇ ವಾಲ್ವ್ ಮುಚ್ಚಿ, ಆಮೇಲೆ ಕೀ ತಿರುಗಿಸುವುದು. ಮರುದಿನ ಕ್ರ್ಯಾಂಕ್ ಮಾಡುವ ಮುಂಚೆ ವಾಲ್ವ್ ತೆರೆದರೆ ಗೇಜಿನ ಮುಳ್ಳು ಏರುತ್ತದೆ. ಬೇರಿಂಗು ನೆನೆದ ಮೇಲೆಯೇ ಎಂಜಿನ್ ತಿರುಗುತ್ತದೆ. ರಸ್ತೆಯಲ್ಲೂ ಓಡುವ ಕಾರಿಗೆ ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ.

ಕಂಪನಿಯ ಆಯಿಲ್ ಲೈಟು ಪ್ರೆಷರ್ ಬಹುತೇಕ ಸತ್ತ ಮೇಲೆ ಹತ್ತುತ್ತದೆ. 30 ಪಿಎಸ್‌ಐಗೆ ಇಳಿದಾಗ ಹತ್ತುವ ಸ್ವಿಚ್ಚೊಂದನ್ನು ಗ್ಯಾಲರಿಗೆ ಹಾಕಿ, ಕಣ್ಣೆದುರು ಕೆಂಪು ಬಲ್ಬು ಇಟ್ಟರೆ ಯಾವ ತಿರುವಿನಲ್ಲಿ ಎಣ್ಣೆ ಕೈಕೊಡುತ್ತಿದೆ ಎಂದು ಗೊತ್ತಾಗುತ್ತದೆ. ಅಕ್ಯುಮುಲೇಟರ್ ಹಾಕಿದ ಮೇಲೂ ಅದೇ ತಿರುವಿನಲ್ಲಿ ಹತ್ತುತ್ತಿದ್ದರೆ ಮತ್ತೆ ಬ್ಯಾಫಲ್ ಕಡೆ ನೋಡಬೇಕು.

ಗಾಳಿಯ ವಾಲ್ವಿನ ಪಿನ್ನು ಒತ್ತಿದಾಗ ಎಣ್ಣೆ ಬಂದರೆ ಪಿಸ್ಟನ್ನಿನ ಓ-ರಿಂಗ್ ಹೋಗಿದೆ ಎಂದರ್ಥ. ಎಂಜಿನ್ನಿನಲ್ಲಿ ಬೇರಿಂಗು ಹೋಗಿದ್ದರೆ ಸಿಲಿಂಡರನ್ನೂ ಬಿಚ್ಚಿ ತೊಳೆಯಬೇಕು. ಪಿಸ್ಟನ್ ಮುಂದೆ ಕೂತ ಲೋಹದ ಪುಡಿ ಹೊಸ ಬೇರಿಂಗಿಗೆ ಹೋಗಬಹುದು. ಬಿಚ್ಚುವ ಮುಂಚೆ ಎಂಜಿನ್ ಆಫ್ ಮಾಡಿ, ಬಾಲ್ ವಾಲ್ವ್ ತೆರೆದು ಎಣ್ಣೆಯನ್ನು ಸಂಪಿಗೆ ಬಿಟ್ಟು, ಗಾಳಿಯನ್ನೂ ಪೂರ್ತಿ ತೆಗೆದ ಮೇಲಷ್ಟೇ ನಟ್ಟಿಗೆ ಸ್ಪಾನರ್ ಹಾಕಬೇಕು.