ಫೈಲ್ ಓದುವಾಗ ರ‍್ಯಾಮ್ ಕೈಕೊಟ್ಟರೆ: ಕರ್ನಲ್‌ನಲ್ಲಿ, ಪ್ರೋಗ್ರಾಮ್‌ನಲ್ಲಿ ಏನು ಮಾಡಬೇಕು

ಫೈಲ್ ಓದುವಾಗ ಎರರ್ ಬಂದರೆ ಎಲ್ಲರೂ ಮೊದಲು ಬೊಟ್ಟು ಮಾಡುವುದು ಡಿಸ್ಕ್ ಕಡೆಗೆ. ಕೇಬಲ್ ಬದಲಿಸುತ್ತಾರೆ, ಎಸ್‌ಎಸ್‌ಡಿ ಬದಲಿಸುತ್ತಾರೆ, ಆಮೇಲೂ ಅದೇ ಕಥೆ. ಆದರೆ ಒಮ್ಮೆ ಓದಿದ ಫೈಲನ್ನು ಲಿನಕ್ಸ್ ಮತ್ತೆ ಡಿಸ್ಕಿನಿಂದ ತರುವುದು ಕಡಿಮೆ. ಅದು ಪೇಜ್ ಎಂಬ ತುಂಡುಗಳಾಗಿ ಪೇಜ್ ಕ್ಯಾಶ್‌ನಲ್ಲಿ, ಅಂದರೆ ರ‍್ಯಾಮ್‌ನಲ್ಲೇ ಕೂತಿರುತ್ತದೆ. ನಿಮ್ಮ ರೀಡ್ ಕಾಲ್ ಅಲ್ಲಿಂದ ನಿಮ್ಮ ಬಫರಿಗೆ ಬೈಟ್‌ಗಳನ್ನು ಕಾಪಿ ಮಾಡುತ್ತದೆ, ಅಷ್ಟೆ. ಆ ರ‍್ಯಾಮೇ ಕೆಟ್ಟಿದ್ದರೆ ಡಿಸ್ಕ್ ಎಷ್ಟು ಹೊಸದಿದ್ದು ಏನು ಪ್ರಯೋಜನ?

ನಮ್ಮ ಕರಾವಳಿಯಲ್ಲಿ ಇದನ್ನು ತಿಳಿದಿಟ್ಟುಕೊಳ್ಳಲು ಇನ್ನೊಂದು ಕಾರಣವೂ ಉಂಟು. ಪಣಂಬೂರು, ಸುರತ್ಕಲ್, ಮಲ್ಪೆ ಕಡೆ ಉಪ್ಪು ಗಾಳಿ. ಜೂನ್ ಹಿಡಿದರೆ ಗೋಡೆಯೇ ಬೆವರುವಷ್ಟು ತೇವ. ಎಸಿ ಇಲ್ಲದ ಮೂಲೆಯಲ್ಲಿ ಇಟ್ಟ ಸರ್ವರ್‌ನ ರ‍್ಯಾಮ್ ಸ್ಲಾಟಿನ ಕಾಂಟ್ಯಾಕ್ಟ್‌ಗಳು ಹಾಳಾಗುವುದಕ್ಕೆ ಇಷ್ಟು ಸಾಕು.

ಮೊದಲು, ನಿಮ್ಮ ಮಷಿನ್‌ನಲ್ಲಿ ಇಸಿಸಿ ಉಂಟಾ?

ಇಸಿಸಿ ರ‍್ಯಾಮ್ ಅಂದರೆ ಡಿಡಿಆರ್4ರಲ್ಲಿ ಪ್ರತಿ 64 ಬಿಟ್ ಡೇಟಾಕ್ಕೆ 8 ಬಿಟ್ ಹೆಚ್ಚುವರಿ. ಒಂದು ಬಿಟ್ ತಿರುಗಿದರೆ ಅದೇ ಸರಿಮಾಡಿಕೊಳ್ಳುತ್ತದೆ. ಎರಡು ಬಿಟ್ ತಿರುಗಿದರೆ ಸರಿಮಾಡಲು ಆಗುವುದಿಲ್ಲ, ಆದರೆ ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಈ ಗೊತ್ತಾಗುವುದೇ ಮುಂದಿನ ಎಲ್ಲದಕ್ಕೂ ಆಧಾರ. ಇಸಿಸಿ ಇಲ್ಲದಿದ್ದರೆ ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಏನೂ ಗೊತ್ತಾಗದು, ನಿಮ್ಮ ಫೈಲ್ ಸುಮ್ನೆ ತಪ್ಪಾಗಿ ಓದಿ ಬರುತ್ತದೆ, ಎರರ್ ಕೋಡ್ ಎಂತದ್ದೂ ಇಲ್ಲ. ಹಂಪನಕಟ್ಟೆ ಕಡೆಯ ಒಂದು ಅಂಗಡಿಯಲ್ಲಿ ನನಗೆ ಹೇಳಿದ್ದು, "ಡಿಡಿಆರ್5 ತಕೊಳ್ಳಿ ಸರ್, ಅದರಲ್ಲಿ ಇಸಿಸಿ ಬಂದೇ ಬರ್ತದೆ" ಅಂತ. ನಂಬಬೇಡಿ ಮಾರಾಯ್ರೆ. ಡಿಡಿಆರ್5ರ ಚಿಪ್ ಒಳಗೊಂದು ಸಣ್ಣ ಇಸಿಸಿ ಇರುವುದು ನಿಜ, ಆದರೆ ಅದು ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯನ್ನು ಕಾಯುವುದಿಲ್ಲ. ಸರ್ವರಿಗೆ ಬೇಕಾದದ್ದು ಬೇರೆ ಮಾಡ್ಯೂಲ್, ಅದಕ್ಕೆ ಹೊಂದುವ ಬೋರ್ಡೂ ಪ್ರೊಸೆಸರೂ ಬೇಕು.

ಇಸಿಸಿ ಇಲ್ಲದವರಿಗೆ ಒಂದು ಉಪಾಯ ಉಂಟು. ಅನುಮಾನ ಇರುವ ದೊಡ್ಡ ಫೈಲಿನ ಶಾ256 ಚೆಕ್‌ಸಮ್ (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ತೆಗೆಯಿರಿ. ಸಿಂಕ್ ಕೊಡಿ, ಕ್ಯಾಶ್ ಖಾಲಿ ಮಾಡಲು ಡ್ರಾಪ್ ಕ್ಯಾಶಸ್ ಫೈಲಿಗೆ 1 ಬರೆಯಿರಿ, ಮತ್ತೆ ಚೆಕ್‌ಸಮ್ ತೆಗೆಯಿರಿ. ಯಾರೂ ಮುಟ್ಟದ ಫೈಲಿಗೆ ಎರಡು ಬೇರೆ ಬೇರೆ ಉತ್ತರ ಬಂದರೆ ಮೊದಲು ರ‍್ಯಾಮ್ ಮೇಲೆ ಅನುಮಾನ ಪಡಿ, ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿ. ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಹಾಕಿದ್ದೇನೆ, ಅದರಲ್ಲೇ ಚೆಕ್‌ಸಮ್ ಇದೆ ಅನ್ನುವವರು ಗಮನಿಸಿ: ಅದು ನೋಡುವುದು ಡಿಸ್ಕಿನಿಂದ ಕ್ಯಾಶ್‌ಗೆ ತರುವಾಗ ಮಾತ್ರ. ಕ್ಯಾಶ್‌ನಲ್ಲಿ ಕೂತ ಮೇಲೆ ಬಿಟ್ ತಿರುಗಿದರೆ ಅದಕ್ಕೂ ಸುದ್ದಿ ಇಲ್ಲ.

ಕ್ಲೀನ್ ಪೇಜಾ, ಡರ್ಟಿ ಪೇಜಾ

ಸರಿಮಾಡಲಾಗದ ಎರರ್ ಸಿಕ್ಕಾಗ ಲಿನಕ್ಸ್‌ನಲ್ಲಿ ಕೆಲಸಕ್ಕೆ ಇಳಿಯುವುದು ಮೆಮೊರಿ ಫೇಲ್ಯೂರ್ ಎಂಬ ಫಂಕ್ಷನ್. 2009ರಲ್ಲಿ 2.6.32 ಕರ್ನಲ್ ಜೊತೆ ಬಂದ ಹೆಚ್‌ಡಬ್ಲ್ಯೂಪಾಯ್ಸನ್ ಕೋಡ್ ಇದು. ಕೆಟ್ಟ ಪೇಜಿಗೆ ಗುರುತು ಹಾಕಿ, ಮ್ಯಾಪ್ ಮಾಡಿಕೊಂಡವರಿಂದ ಬಿಡಿಸಿ, ಇನ್ನು ಯಾರಿಗೂ ಸಿಗದ ಹಾಗೆ ಬದಿಗಿಡುತ್ತದೆ. ಫೈಲ್ ಪೇಜ್ ಆದರೆ ಅದು ಕ್ಲೀನಾ ಡರ್ಟಿಯಾ ಅನ್ನುವುದೇ ಮುಖ್ಯ.

ಕ್ಲೀನ್ ಪೇಜ್ ಅಂದರೆ ನಿಮ್ಮ ಕೈಯಲ್ಲಿರುವ ಆರ್‌ಟಿಸಿ ಜೆರಾಕ್ಸ್ ಇದ್ದ ಹಾಗೆ. ಹರಿದರೆ ಹರಿಯಲಿ, ಇನ್ನೊಂದು ತೆಗೆಸಿದರಾಯಿತು. ಕರ್ನಲ್ ಅದನ್ನು ಕ್ಯಾಶ್‌ನಿಂದ ತೆಗೆದು ಬಿಸಾಡುತ್ತದೆ, ಮುಂದಿನ ರೀಡ್ ಡಿಸ್ಕಿನಿಂದ ಹೊಸ ಪೇಜಿಗೆ ತುಂಬಿಸಿಕೊಳ್ಳುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ.

ಡರ್ಟಿ ಪೇಜಿನ ಕಥೆ ಬೇರೆ. ನೀವು ಬರೆದದ್ದು ಇನ್ನೂ ಡಿಸ್ಕಿಗೆ ಹೋಗಿಲ್ಲ, ಇದ್ದ ಒಂದೇ ಪ್ರತಿ ಹಾಳಾಗಿದೆ. ಆಗ ಕರ್ನಲ್ ಆ ಫೈಲಿನ ಮ್ಯಾಪಿಂಗ್ (ಕ್ಯಾಶ್‌ನಲ್ಲಿರುವ ಅದರ ಪೇಜ್‌ಗಳ ಪಟ್ಟಿ) ಮೇಲೆ ಇಐಒ, ಅಂದರೆ ಓದು-ಬರಹ ಸೋತಿತು ಅನ್ನುವ ಎರರ್ ಕೋಡಿನ ಗುರುತು ಹಾಕಿ ಪೇಜನ್ನು ಬಿಸಾಡುತ್ತದೆ. ಮುಂದೆ ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕಿಗೆ ಮುಟ್ಟಿಸು ಅನ್ನುವ ಕಾಲ್) ಮಾಡಿದವರಿಗೆ ಇಐಒ ಸಿಗುತ್ತದೆ, 4.13 ಕರ್ನಲ್‌ನಿಂದ ಈಚೆಗೆ ತೆರೆದಿರುವ ಪ್ರತಿ ಫೈಲ್ ಡಿಸ್ಕ್ರಿಪ್ಟರಿಗೂ ಒಂದೊಂದು ಸಲ. ಅದಾದ ಮೇಲೆ? ಮುಂದಿನ ರೀಡ್ ಡಿಸ್ಕಿಗೆ ಹೋಗಿ ಹಳೆಯ ಡೇಟಾ ತರುತ್ತದೆ. ಎರರ್ ಇಲ್ಲ, ಗಲಾಟೆ ಇಲ್ಲ, ನೀವು ಬರೆದದ್ದು ಮಾತ್ರ ಇಲ್ಲ. ಇದರ ಜೊತೆಗೆ ಲಾಗ್‌ನಲ್ಲಿ ಬರುವ ಸಾಲು ನೋಡಿ: "ರಿಕವರಿ ಆ್ಯಕ್ಷನ್ ಫಾರ್ ಡರ್ಟಿ ಎಲ್‌ಆರ್‌ಯು ಪೇಜ್: ರಿಕವರ್ಡ್". ರಿಕವರ್ಡ್ ಅಂತ ನೋಡಿ ನೆಮ್ಮದಿ ಮಾಡಿಕೊಳ್ಳಬೇಡಿ. ರಿಕವರ್ ಆದದ್ದು ಕರ್ನಲ್, ನಿಮ್ಮ ಡೇಟಾ ಅಲ್ಲ. ಆ ಸಾಲಿನಲ್ಲಿ ಕ್ಲೀನ್ ಅಂತಿದೆಯಾ ಡರ್ಟಿ ಅಂತಿದೆಯಾ, ಅದನ್ನು ಓದಿ.

ರ‍್ಯಾಮ್‌ನಲ್ಲೇ ಇರುವ ಫೈಲ್‌ಸಿಸ್ಟಮ್ ಟಿಎಂಪಿಎಫ್‌ಎಸ್‌ಗೆ ಹಿಂದೆ ಡಿಸ್ಕೇ ಇಲ್ಲ. ಅಲ್ಲಿ ಪೇಜ್ ಬಿಸಾಡಿದರೆ ಮುಂದಿನ ರೀಡ್‌ಗೆ ಬರೀ ಸೊನ್ನೆ ಸಿಗುತ್ತದೆ. ಅದಕ್ಕೇ 5.16ರಿಂದ ಕೆಟ್ಟ ಪೇಜನ್ನು ಗುರುತು ಹಾಕಿ ಕ್ಯಾಶ್‌ನಲ್ಲೇ ಬಿಡುತ್ತಾರೆ, ಓದಲು ಹೋದವರಿಗೆ ಇಐಒ ಕೊಡುತ್ತಾರೆ. ನನಗೆ ಕೇಳಿದರೆ ಇದೇ ಸರಿಯಾದ ದಾರಿ.

ಕರ್ನಲ್ ರೀಡ್ ಕೋಡ್ ಬರೆಯುವವರಿಗೆ

ಇನ್ನು ಕಷ್ಟದ ಭಾಗ. ಮೇಲೆ ಹೇಳಿದ್ದೆಲ್ಲ ಎರರ್ ಮೊದಲೇ ಸಿಕ್ಕಿದಾಗಿನ ಮಾತು, ಉದಾಹರಣೆಗೆ ರ‍್ಯಾಮನ್ನು ಹಿನ್ನೆಲೆಯಲ್ಲಿ ಓದುತ್ತಾ ಹೋಗುವ ಸ್ಕ್ರಬ್ಬರ್ ಹಿಡಿದಾಗ. ಆದರೆ ರೀಡ್ ಕಾಲ್ ನಡುವೆ, ಕರ್ನಲ್ ಕಾಪಿ ಮಾಡುತ್ತಿರುವಾಗಲೇ ಕೆಟ್ಟ ಕ್ಯಾಶ್ ಲೈನ್ (ಪ್ರೊಸೆಸರ್ ಒಮ್ಮೆಗೆ ಓದುವ ಸಣ್ಣ ತುಂಡು) ಮುಟ್ಟಿದರೆ ಎಕ್ಸ್86ನಲ್ಲಿ, ಅಂದರೆ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಲ್ಲಿ, ಮಷಿನ್ ಚೆಕ್ ಎಂಬ ಹಾರ್ಡ್‌ವೇರ್ ಎಚ್ಚರಿಕೆ ಬರುತ್ತದೆ. ಆ ಜಾಗದ ಕೋಡಿಗೆ ಮಷಿನ್ ಚೆಕ್‌ನಿಂದ ಪಾರಾಗುವ ಗುರುತು ಎಕ್ಸೆಪ್ಷನ್ ಟೇಬಲ್‌ನಲ್ಲಿ (ಎಡವಿದರೆ ಎಲ್ಲಿಗೆ ಹೋಗಬೇಕು ಅನ್ನುವ ಪಟ್ಟಿ) ಇಲ್ಲದಿದ್ದರೆ ಪ್ಯಾನಿಕ್: "ಡೇಟಾ ಲೋಡ್ ಇನ್ ಅನ್‌ರಿಕವರಬಲ್ ಏರಿಯಾ ಆಫ್ ಕರ್ನಲ್". ಮಾಮೂಲಿ ಕಾಪಿ ಟು ಯೂಸರ್‌ಗೆ ಓದುವ ಬದಿಯಲ್ಲಿ ಆ ರಕ್ಷಣೆ ಇಲ್ಲ. ಒಂದು ಕ್ಲೀನ್ ಪೇಜಿಗೋಸ್ಕರ ಇಡೀ ಮಷಿನ್ ಮಲಗುವುದು ಯಾವ ನ್ಯಾಯ, ಅಲ್ವಾ?

ರಕ್ಷಣೆ ಇರುವ ಕಾಪಿಗಳ ಹೆಸರು ಕಾಪಿ ಎಂಸಿ ಟು ಯೂಸರ್, ಕಾಪಿ ಎಂಸಿ ಟು ಕರ್ನಲ್. 5.10ಕ್ಕೆ ಮೊದಲು ಮೆಮ್‌ಕಾಪಿ ಎಂಸಿಸೇಫ್ ಅಂತಿತ್ತು. ಪವರ್ ಹೋದರೂ ಡೇಟಾ ಉಳಿಸುವ ಮೆಮೊರಿಯ ಪಿಮೆಮ್ ಡ್ರೈವರ್ ಓದುವುದು ಈ ದಾರಿಯಲ್ಲೇ. ಎಷ್ಟು ಬೈಟ್ ಉಳಿಯಿತು ಅನ್ನುವುದು ಇದರ ಉತ್ತರ, ಸೊನ್ನೆ ಬಂದರೆ ಎಲ್ಲ ಸರಿ.

ಲೆಕ್ಕ ಹೀಗೆ ಇಟ್ಟುಕೊಳ್ಳಿ. ಫೈಲಿನ 8192ನೇ ಬೈಟಿನಿಂದ 4096 ಬೈಟ್ ಕೇಳಿದ್ದಾರೆ. ಪೇಜಿನೊಳಗೆ 1024ನೇ ಬೈಟಿನಲ್ಲಿ ಕೆಟ್ಟ ಲೈನ್. ಕಾಪಿ ಮಾಡಿದ ಫಂಕ್ಷನ್ 3072 ಉಳಿಯಿತು ಅನ್ನುತ್ತದೆ. ನೀವು ಫೈಲ್ ಪೊಸಿಷನನ್ನು 9216ಕ್ಕೆ ತಂದು 1024 ಅಂತ ಉತ್ತರ ಕೊಡಿ. ಕೇಳಿದ್ದಕ್ಕಿಂತ ಕಡಿಮೆ ಕೊಡುವುದು ರೀಡ್‌ನಲ್ಲಿ ತಪ್ಪಲ್ಲ. ಮುಂದಿನ ಕಾಲ್ 9216ರಿಂದ ಶುರುವಾಗುತ್ತದೆ. ಅಷ್ಟರಲ್ಲಿ ಪೇಜ್ ಕ್ಯಾಶ್‌ನಿಂದ ಹೋಗಿದ್ದರೆ ಡಿಸ್ಕಿನಿಂದ ಒಳ್ಳೆಯ ಪ್ರತಿ ಬರುತ್ತದೆ, ಇನ್ನೂ ಇದ್ದರೆ ಒಂದು ಬೈಟೂ ಕಾಪಿ ಆಗದೆ ಇಐಒ ಹೋಗುತ್ತದೆ. ಒಂದಾದರೂ ಬೈಟ್ ಕೊಟ್ಟಿದ್ದರೆ ಎರರ್ ಬೇಡ, ಏನೂ ಕೊಡದಿದ್ದರೆ ಮಾತ್ರ ಎರರ್.

ಇಲ್ಲಿ ಇಐಒ ಬದಲು ಇಫಾಲ್ಟ್ ಕೊಡುವ ಕೋಡ್ ಜಾಸ್ತಿ. ಸಾಮಾನ್ಯ ರೀಡ್ ದಾರಿಯಲ್ಲಿ ಕಾಪಿ ಕಡಿಮೆ ಬಿದ್ದರೆ ಇಫಾಲ್ಟ್ ಅನ್ನುವುದು ರೂಢಿ. ಆದರೆ ಇಫಾಲ್ಟ್ ಅಂದರೆ ನಿಮ್ಮ ಬಫರ್ ಅಡ್ರೆಸ್ ಸರಿಯಿಲ್ಲ ಅಂತ ಅರ್ಥ. ಪಾಪ, ಪ್ರೋಗ್ರಾಮ್ ಬರೆದವನು ಇಲ್ಲದ ಪಾಯಿಂಟರ್ ಬಗ್ ಹುಡುಕುತ್ತಾ ಕೂರುತ್ತಾನೆ. ತೊಂದರೆ ಏನೆಂದರೆ ಕಾಪಿ ಎಂಸಿ ಟು ಯೂಸರ್ ಎಷ್ಟು ಉಳಿಯಿತು ಅಂತ ಹೇಳುತ್ತದೆಯೇ ಹೊರತು ಯಾವ ಬದಿಯಲ್ಲಿ ಎಡವಿತು ಅಂತ ಹೇಳುವುದಿಲ್ಲ. ಕಡಿಮೆ ಬಿದ್ದಾಗ ಫಾಲ್ಟ್ ಇನ್ ರೈಟಬಲ್ ಕರೆದು ಯೂಸರ್ ಬಫರ್ ಮಾತ್ರ ಮುಟ್ಟಿ ನೋಡಿ. ಅದೂ ಸೋತರೆ ಇಫಾಲ್ಟ್, ಅದು ಸರಿಯಿದ್ದರೆ ಇಐಒ. ಕೆಟ್ಟ ಪೇಜನ್ನು ಮತ್ತೆ ಮುಟ್ಟಿ ಪರೀಕ್ಷೆ ಮಾಡಲು ಹೋಗಬೇಡಿ, ಇನ್ನೊಂದು ಮಷಿನ್ ಚೆಕ್ ಯಾರಿಗೆ ಬೇಕು. ಫಾಲ್ಟ್ ಇನ್ ನಿದ್ದೆ ಹೋಗಬಹುದು, ಹಾಗಾಗಿ ನಿದ್ದೆಗೆ ಅವಕಾಶವಿಲ್ಲದ ಅಟಾಮಿಕ್ ಜಾಗದಲ್ಲಿ ಕರೆಯಬಾರದು.

ಆಮೇಲೆ ಪೇಜನ್ನು ಮೆಮೊರಿ ಫೇಲ್ಯೂರ್ ಕ್ಯೂಗೆ ಹಾಕಿ. ನೇರವಾಗಿ ಮೆಮೊರಿ ಫೇಲ್ಯೂರ್ ಕರೆಯಬೇಡಿ: ಅದು ಫೋಲಿಯೊ (ಒಂದು ಅಥವಾ ಹಲವು ಪೇಜ್‌ಗಳ ಗುಂಪು) ಲಾಕ್ ಕೇಳುತ್ತದೆ, ನೀವೇ ಲಾಕ್ ಹಿಡಿದಿದ್ದರೆ ಅಲ್ಲೇ ಗಂಟು ಬೀಳುತ್ತದೆ. ಅಪ್‌ಟುಡೇಟ್ ಗುರುತು ಅಳಿಸಿ ಅದೇ ಪೇಜಿಗೆ ಡಿಸ್ಕಿನಿಂದ ಮತ್ತೆ ತುಂಬಿಸುವ ಜಾಣತನವೂ ಬೇಡ. ಕೆಟ್ಟಿರುವುದು ಆ ರ‍್ಯಾಮಿನ ಜಾಗ, ಅದೇ ಜಾಗಕ್ಕೆ ಮತ್ತೆ ತಂದು ಹಾಕಿದರೆ ಏನು ಬಂತು? ಕಾಪಿಗೆ ಮೊದಲೇ ಹೆಚ್‌ಡಬ್ಲ್ಯೂಪಾಯ್ಸನ್ ಗುರುತು ನೋಡುವುದನ್ನೂ ಮರೆಯಬೇಡಿ. ದೊಡ್ಡ ಫೋಲಿಯೊ ಆದರೆ ಒಳಗಿನ ಪ್ರತಿ ಪೇಜಿನದ್ದು ನೋಡಿ, ಒಂದು ಕೆಟ್ಟಿದೆ ಅಂತ ಉಳಿದದ್ದಕ್ಕೆಲ್ಲ ಇಐಒ ಕೊಟ್ಟರೆ ಓದುವವರಿಗೆ ಅನ್ಯಾಯ.

ಪರೀಕ್ಷೆ ಮಾಡುವುದು

ಸುರತ್ಕಲ್, ಮಣಿಪಾಲದ ಹುಡುಗರು ಕೇಳುವ ಮೊದಲ ಪ್ರಶ್ನೆ, ಕೆಟ್ಟ ರ‍್ಯಾಮ್ ಎಲ್ಲಿಂದ ತರುವುದು ಅಂತ. ತರಬೇಕಿಲ್ಲ. ವರ್ಚುವಲ್ ಮಷಿನ್‌ನಲ್ಲಿ ರೂಟ್ ಆಗಿ ಫೈಲನ್ನು ಎಂಮ್ಯಾಪ್ ಮಾಡಿ (ಮೆಮೊರಿಯಂತೆ ನೇರ ಓದುವ ಹಾಗೆ ಜೋಡಿಸಿ), ಒಂದು ಪೇಜ್ ಮುಟ್ಟಿ, ಎಂಅಡ್ವೈಸ್‌ಗೆ ಹೆಚ್‌ಡಬ್ಲ್ಯೂಪಾಯ್ಸನ್ ಆಯ್ಕೆ ಕೊಡಿ. ಸಿಂಕ್ ಆದ ಫೈಲಿನಲ್ಲಿ ಮಾಡಿದರೆ ಕ್ಲೀನ್ ಕಥೆ ಕಾಣುತ್ತದೆ. ಬರೆದ ಕೂಡಲೇ ಮಾಡಿದರೆ ಡರ್ಟಿ ಕಥೆ. ತಡ ಮಾಡಬೇಡಿ, ಮಾಮೂಲಿ ಸೆಟ್ಟಿಂಗ್‌ನಲ್ಲಿ ಸುಮಾರು 30 ಸೆಕೆಂಡಿಗೆ ಕರ್ನಲ್ ಅದನ್ನು ಡಿಸ್ಕಿಗೆ ಬರೆಯಲು ಹೊರಡುತ್ತದೆ. ಪ್ರೊಕ್ ಒಳಗಿನ ಮೆಮ್‌ಇನ್ಫೋದಲ್ಲಿ ಹಾರ್ಡ್‌ವೇರ್ ಕರಪ್ಟೆಡ್ ಸಾಲು ಏರಿದೆಯಾ ನೋಡಿ.

ಆದರೆ ಈ ಪರೀಕ್ಷೆ ಕಾಪಿ ಕೋಡನ್ನು ಮುಟ್ಟುವುದೇ ಇಲ್ಲ. ಎಂಅಡ್ವೈಸ್ ಹಾಕುವುದು ಸಾಫ್ಟ್‌ವೇರ್ ಗುರುತು ಮಾತ್ರ, ನಿಜವಾದ ಮಷಿನ್ ಚೆಕ್ ಬರುವುದಿಲ್ಲ. ಕಾಪಿ ನಡುವೆ ಎಡವುವುದನ್ನು ನೋಡಬೇಕಾದರೆ ಬೇಕೆಂದೇ ಹಾರ್ಡ್‌ವೇರ್ ಎರರ್ ತರಿಸುವ ಎಸಿಪಿಐ ಇಐಎನ್‌ಜೆ ಸೌಲಭ್ಯ ಬೆಂಬಲಿಸುವ ನಿಜವಾದ ಸರ್ವರ್ ಬೇಕು, ಬಯಾಸ್‌ನಲ್ಲಿ ಅದನ್ನು ಆನ್ ಮಾಡಿರಬೇಕು.

ಪ್ರೋಗ್ರಾಮ್ ಬರೆಯುವವರಿಗೆ

ರೀಡ್ ಕಡಿಮೆ ಕೊಟ್ಟರೆ ಅಲ್ಲಿಂದಲೇ ಮುಂದುವರಿಸಿ. ಇಐಒ ಬಂದರೆ ಆಫ್‌ಸೆಟ್ ಲಾಗ್ ಮಾಡಿ ಒಂದೇ ಸಲ ಮತ್ತೆ ಪ್ರಯತ್ನಿಸಿ, ಕ್ಲೀನ್ ಪೇಜ್ ಆಗಿದ್ದರೆ ಈ ಸಲ ಬರುತ್ತದೆ. ಎಫ್‌ಸಿಂಕ್‌ನಲ್ಲಿ ಇಐಒ ಬಂದರೆ ಮಾತ್ರ ಮತ್ತೆ ಎಫ್‌ಸಿಂಕ್ ಮಾಡಿ ಸಮಾಧಾನ ಪಡಬೇಡಿ, ಎರಡನೇ ಸಲ ಅದು ಸರಿ ಅಂದರೂ ಡೇಟಾ ಹೋಗಿರುತ್ತದೆ. ಪೋಸ್ಟ್‌ಗ್ರೆಸ್‌ನವರು 2018ರ ದೊಡ್ಡ ಚರ್ಚೆಯ ನಂತರ ಇದನ್ನೇ ಒಪ್ಪಿಕೊಂಡರು: ಎಫ್‌ಸಿಂಕ್ ಸೋತರೆ ಡೇಟಾಬೇಸ್ ತಾನೇ ಬಿದ್ದು, ಬದಲಾವಣೆಗಳನ್ನು ಮೊದಲೇ ಬರೆದಿಟ್ಟ ವಾಲ್ ಲಾಗ್‌ನಿಂದ ಮತ್ತೆ ಎದ್ದು ಬರುತ್ತದೆ.

ಎಂಮ್ಯಾಪ್‌ನಲ್ಲಿ ಓದುವವರಿಗೆ ಎರರ್ ಕೋಡ್ ಬರುವುದಿಲ್ಲ, ಸಿಗ್‌ಬಸ್ ಎಂಬ ಸಿಗ್ನಲ್ ಬರುತ್ತದೆ. ಹ್ಯಾಂಡ್ಲರ್‌ನಲ್ಲಿ ಕೋಡ್ ನೋಡಿ. ಬಸ್ ಎಂಸಿಇಎರ್ ಎಆರ್ ಆದರೆ ರ‍್ಯಾಮ್ ತೊಂದರೆ, ಬಸ್ ಎಡಿಆರ್‌ಎರ್ ಆದರೆ ಯಾರೋ ಫೈಲ್ ಚಿಕ್ಕದು ಮಾಡಿರುವ ಸಾಧ್ಯತೆ ಹೆಚ್ಚು. ಸಿಗ್ನಲ್ ಜೊತೆ ಅಡ್ರೆಸ್ಸೂ ಬರುತ್ತದೆ, ಎಷ್ಟು ದೊಡ್ಡ ಜಾಗ ಕೆಟ್ಟಿತು ಅಂತಲೂ ಬರುತ್ತದೆ. ಅದು ಎರಡರ ಘಾತದಲ್ಲಿ ಇರುತ್ತದೆ, 12 ಅಂದರೆ 4096 ಬೈಟ್. ಹ್ಯಾಂಡ್ಲರ್‌ನಿಂದ ಸುಮ್ನೆ ರಿಟರ್ನ್ ಆಗಬೇಡಿ, ಅದೇ ಇನ್‌ಸ್ಟ್ರಕ್ಷನ್ ಮತ್ತೆ ಎಡವುತ್ತದೆ. ಸಿಗ್‌ಲಾಂಗ್‌ಜಂಪ್ ಮಾಡಿ ಹೊರಗೆ ಬನ್ನಿ.

ಕೊನೆಗೆ ಸ್ಕ್ರೂಡ್ರೈವರ್

ಹಾರ್ಡ್‌ವೇರ್ ಎರರ್‌ಗಳನ್ನು ದಾಖಲಿಸುವ ರಾಸ್‌ಡೇಮನ್ ಹಾಕಿಡಿ. ಇಸಿಸಿ ಸರಿಮಾಡಿದ ಎರರ್‌ಗಳ ಲೆಕ್ಕ ಒಂದೇ ಸ್ಲಾಟಿನಲ್ಲಿ ಏರುತ್ತಾ ಹೋದರೆ ಸರಿಯಾಗದ್ದು ಬರುವವರೆಗೆ ಕಾಯಬೇಡಿ. ಡಿಎಂಐಡಿಕೋಡ್‌ನಲ್ಲಿ ಸ್ಲಾಟಿನ ಹೆಸರು ನೋಡಿ, ಪವರ್ ತೆಗೆದು ಮಾಡ್ಯೂಲ್ ಬಿಚ್ಚಿ, ಕಾಂಟ್ಯಾಕ್ಟ್ ಒರೆಸಿ ಮತ್ತೆ ಕೂರಿಸಿ. ಲೆಕ್ಕ ಮತ್ತೆ ಏರಿದರೆ ಮಾಡ್ಯೂಲನ್ನು ಬೇರೆ ಸ್ಲಾಟಿಗೆ ಹಾಕಿ. ತೊಂದರೆ ಅದರ ಜೊತೆಗೇ ಹೋದರೆ ಮಾಡ್ಯೂಲ್ ಬದಲಿಸಿ, ಅಲ್ಲೇ ಉಳಿದರೆ ಬೋರ್ಡ್ ನೋಡಿಸಿ. ಬದಲಿ ಬರುವುದು ತಡವಾದರೆ ಮೆಮ್‌ಮ್ಯಾಪ್ ಬೂಟ್ ಆಯ್ಕೆಯಲ್ಲಿ ಆ ಅಡ್ರೆಸ್ ಜಾಗವನ್ನು ಯಾರೂ ಬಳಸದ ಹಾಗೆ ಕಾಯ್ದಿರಿಸಬಹುದು. ಇದು ಬೇಕೇ ಬೇಕು, ಯಾಕೆಂದರೆ ಹೆಚ್‌ಡಬ್ಲ್ಯೂಪಾಯ್ಸನ್ ಗುರುತು ರೀಬೂಟ್ ಆದ ಮೇಲೆ ಉಳಿಯುವುದಿಲ್ಲ. ಬೂಟ್ ಲೋಡರ್ ಗ್ರಬ್‌ನ ಫೈಲಿನಲ್ಲಿ ಬರೆಯುವಾಗ ಈ ಆಯ್ಕೆಯೊಳಗೆ ಬರುವ ಡಾಲರ್ ಚಿಹ್ನೆಯನ್ನು ಎಸ್ಕೇಪ್ ಮಾಡಿ, ಬೂಟ್ ಆದ ಮೇಲೆ ಪ್ರೊಕ್ ಒಳಗಿನ ಕಮ್ಯಾಂಡ್‌ಲೈನ್ ಓದಿ ಅದು ಹಾಗೇ ಬಂದಿದೆಯಾ ಅಂತ ನೋಡಿಕೊಳ್ಳಿ.