ನೀರು ಬಿಡದ ಕೋಸಂಬರಿ

ಕೋಸಂಬರಿ ಮಾಡೋದು ಏನು ಮಹಾ, ಕ್ಯಾರೆಟ್ ತುರಿದು ಉಪ್ಪು, ನಿಂಬೆರಸ ಹಾಕಿದರೆ ಆಯ್ತು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಊಟಕ್ಕೆ ಕೂತಾಗ ನೋಡಿದರೆ ಬಟ್ಟಲಿನ ತಳದಲ್ಲಿ ನಾಲ್ಕು ಚಮಚ ನೀರು ನಿಂತಿರುತ್ತದೆ, ತುರಿ ಸೋತು ಮಲಗಿರುತ್ತದೆ. ಎಲೆಗೆ ಬಡಿಸಿದರೆ ಆ ನೀರು ಪಕ್ಕದ ಪಲ್ಯದ ಕಡೆ ಹರಿಯುತ್ತದೆ. ಹಸಿ ತರಕಾರಿ ತುರಿದು ಮಾಡುವ ಯಾವುದೇ ಪದಾರ್ಥ ಕೆಡುವುದು ಹೆಚ್ಚಾಗಿ ನೀರಿನಿಂದಲೇ. ಆ ನೀರನ್ನು ಯಾವಾಗ ತೆಗೆಯಬೇಕು, ಯಾವಾಗ ತಡೆಯಬೇಕು ಅನ್ನೋದು ಕೈಗೆ ಬಂದರೆ ಮಿಕ್ಕಿದ್ದೆಲ್ಲ ಸುಲಭ.

ಮೊದಲು ತುರಿಮಣೆ ವಿಷಯ. ತೂತು ಸಣ್ಣದಾದಷ್ಟೂ ತರಕಾರಿ ಹೆಚ್ಚು ನುರಿಯುತ್ತದೆ, ನೀರೂ ಜಾಸ್ತಿ ಬಿಡುತ್ತದೆ. ಕೋಸಂಬರಿಗೆ ದಪ್ಪ ತೂತಿನ ಕಡೆಯೇ ಸರಿ. ಹಲ್ವಾಕ್ಕೆ ತುರಿಯುವ ಸಣ್ಣ ತೂತು ಇದಕ್ಕೆ ಬೇಡ. ಮಣೆ ಮೊಂಡಾಗಿದ್ದರೆ ತರಕಾರಿ ಕತ್ತರಿಸುವ ಬದಲು ಜಜ್ಜಿಹೋಗುತ್ತದೆ. ವರ್ಷಗಟ್ಟಲೆ ಉಜ್ಜಿ ಸವೆದ ಮಣೆಯನ್ನು ಪ್ರೀತಿಯಿಂದ ಇಟ್ಟುಕೊಂಡಿರುವವರು ದಯವಿಟ್ಟು ಹೊಸದೊಂದು ತನ್ನಿ. ಮಿಕ್ಸಿ ಜಾರಿನಲ್ಲಿ ಒಂದು ಸುತ್ತು ತಿರುಗಿಸಿ ಕೋಸಂಬರಿ ಅನ್ನುವವರೂ ಇದ್ದಾರೆ. ಅದು ಚಟ್ನಿಯ ಮೊದಲ ಹಂತ, ಅಷ್ಟೇ.

ಕ್ಯಾರೆಟ್ಟನ್ನು ಮಣೆಯ ಮೇಲೆ ನೇರ ನಿಲ್ಲಿಸಿ ಉಜ್ಜಿದರೆ ತುಂಡು ತುಂಡು ಬರುತ್ತದೆ. ಸ್ವಲ್ಪ ಮಲಗಿಸಿ, ಮೇಲಿನಿಂದ ಕೆಳಗೆ ಒಂದೇ ಸಲ ಉದ್ದಕ್ಕೆ ಎಳೆಯಿರಿ. ಎಳೆ ಎಳೆಯಾಗಿ ಬರುತ್ತದೆ, ನೀರೂ ಕಡಿಮೆ. ಬಲಿತ ಕ್ಯಾರೆಟ್‌ನಲ್ಲಿ ನಡುವೆ ಹಳದಿ ದಿಂಡು ಗಟ್ಟಿಯಾಗಿರುತ್ತದೆ ಅಲ್ವಾ, ಅದನ್ನು ತುರಿಯಬೇಡಿ. ಸುತ್ತಲೂ ತಿರುಗಿಸುತ್ತಾ ತುರಿದು ದಿಂಡನ್ನು ಹುಳಿಗೆ ಹಾಕಿ. ಕೊನೆಯ ಚೂರನ್ನೂ ಬಿಡದೆ ತುರಿಯಲು ಹೋಗಿ ಬೆರಳು ಕೊಯ್ದುಕೊಳ್ಳುವವರೇ ಹೆಚ್ಚು. ಆ ಚೂರು ಅಡುಗೆ ಮಾಡುವವರ ಬಾಯಿಗೆ ಅಂತಲೇ ಇರೋದು.

ಸೌತೆಕಾಯಿಯನ್ನು ಮಾತ್ರ ನಾನು ಮಣೆಗೆ ಹಾಕುವುದೇ ಇಲ್ಲ. ತುರಿದರೆ ಅರ್ಧ ನೀರು ಅಲ್ಲೇ ಹೋಗುತ್ತದೆ, ಉಳಿದದ್ದು ಗಂಜಿಯ ಹಾಗಾಗುತ್ತದೆ. ಅದನ್ನು ಕೊಚ್ಚಬೇಕು. ಸಿಪ್ಪೆ ತೆಗೆದು, ತೊಟ್ಟಿನ ಕಡೆಯ ತುಂಡನ್ನು ಮೊದಲು ಬಾಯಿಗೆ ಹಾಕಿಕೊಳ್ಳಿ. ಕಹಿ ಇದ್ದರೆ ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತದೆ. ತೀರಾ ಕಹಿಯಾದ ಕಾಯಿಯನ್ನು ಯಾವ ಉಪಾಯವೂ ಸರಿಮಾಡುವುದಿಲ್ಲ, ಬಿಸಾಡಿಬಿಡಿ. ಒಳ್ಳೆಯದಾದರೆ ಎಡಗೈಯಲ್ಲಿ ಲಂಬವಾಗಿ ಹಿಡಿದು, ಕೊಯ್ದ ಮುಖದ ಮೇಲೆ ಚಾಕುವಿನಿಂದ ಒಂದು ಬೆರಳಿನಷ್ಟು ಆಳಕ್ಕೆ ಹತ್ತಿರ ಹತ್ತಿರ ಗೀರು ಹಾಕಿ. ಆಮೇಲೆ ಕಾಯಿಯನ್ನು ಕಾಲು ಸುತ್ತು ತಿರುಗಿಸಿ, ಅಡ್ಡಡ್ಡ ಹಾಗೇ ಗೀರಿ. ಈಗ ಮೇಲ್ಭಾಗವನ್ನು ತೆಳ್ಳಗೆ ಹೆರೆದರೆ ಅಕ್ಕಿಕಾಳಿನಷ್ಟು ಸಣ್ಣ ಚೂರುಗಳು ಪಾತ್ರೆಗೆ ಉದುರುತ್ತವೆ. ಮತ್ತೆ ಗೀರಿ, ಮತ್ತೆ ಹೆರೆಯಿರಿ. ಮದುವೆ ಮನೆಯ ಅಡುಗೆಯವರು ಇದನ್ನು ಮಾತಾಡುತ್ತಾ ಕಣ್ಣು ಮುಚ್ಚಿಕೊಂಡೇ ಮಾಡುತ್ತಾರೆ. ಮನೆಯಲ್ಲಿ ನಿಧಾನಕ್ಕೆ ಮಾಡಿದರೂ ಎರಡು ಕಾಯಿಗೆ ಎಷ್ಟು ಹೊತ್ತು ಹೇಳಿ. ಕೈಯಲ್ಲಿ ಹಿಡಿದು ಕೊಯ್ಯಲು ಭಯವಿರುವ ಮಕ್ಕಳು ಹಲಗೆಯ ಮೇಲಿಟ್ಟು ಸಣ್ಣಗೆ ಹೆಚ್ಚಿಕೊಳ್ಳಲಿ, ತಪ್ಪೇನಿಲ್ಲ. ಬೀಜ ಬಲಿತಿದ್ದರೆ ಉದ್ದಕ್ಕೆ ಸೀಳಿ, ಚಮಚದಿಂದ ಆ ಲೋಳೆ ಭಾಗವನ್ನು ತೆಗೆದುಬಿಡಿ. ಅಂಗಡಿಯಲ್ಲಿ ಸೌತೆಕಾಯಿ ಅಂದರೆ ಸಾಂಬಾರಿನ ಮಂಗಳೂರು ಸೌತೆ ಕೊಟ್ಟುಬಿಟ್ಟಾರು, ಹಸಿಗೆ ಎಳೆ ಸೌತೆ ಬೇಕು ಅಂತ ಕೇಳಿ ತನ್ನಿ.

ಮೂಲಂಗಿಯದು ಬೇರೆಯೇ ಕಥೆ. ಇಲ್ಲಿ ನೀರನ್ನು ತಡೆಯುವುದಲ್ಲ, ಬೇಕಂತಲೇ ತೆಗೆಯಬೇಕು. ಮೂಲಂಗಿಯ ಖಾರ, ಆ ವಾಸನೆ ಎರಡೂ ತುರಿದ ಮೇಲೆ ಎದ್ದು ಬರುವಂಥವು. ಇಡೀ ಗೆಡ್ಡೆಯನ್ನು ಮೂಸಿದರೆ ಅಷ್ಟೇನೂ ಇರುವುದಿಲ್ಲ, ನೋಡಿ ಬೇಕಾದರೆ. ತುರಿದು ಅರ್ಧ ಚಮಚ ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿ. ಆಮೇಲೆ ಎರಡು ಅಂಗೈ ನಡುವೆ ಇಟ್ಟು ಹಿಂಡಿ. ಹನಿ ಬೀಳುವುದು ನಿಲ್ಲುವ ತನಕ ಹಿಂಡಬೇಕು, ಆದರೆ ಒಣ ನಾರಾಗುವ ತನಕ ಅಲ್ಲ. ಮೂಲಂಗಿ ಅಂದರೆ ಮೂಗು ಮುಚ್ಚಿಕೊಳ್ಳುವ ಮಕ್ಕಳೂ ಹೀಗೆ ಮಾಡಿದ್ದನ್ನು ತಿನ್ನುತ್ತಾರೆ. ಉಪ್ಪು ಆಗಲೇ ಹಾಕಿರುವುದರಿಂದ ಕೊನೆಗೆ ಮತ್ತೆ ಹಾಕುವಾಗ ರುಚಿ ನೋಡಿ. ಹಿಂಡಿದ ನೀರನ್ನು ಚೆಲ್ಲಬೇಡಿ. ಚಪಾತಿ ಅಥವಾ ಅಕ್ಕಿರೊಟ್ಟಿ ಹಿಟ್ಟು ಕಲಸಲು ಹಾಕಿಕೊಳ್ಳಿ, ಅಲ್ಲಿ ಉಪ್ಪು ಕಡಿಮೆ ಮಾಡಿ, ಅಷ್ಟೇ.

ಬೀಟ್‌ರೂಟ್ ಹಾಕುವುದಾದರೆ ಅದು ಯಾವಾಗಲೂ ಕೊನೆಗೆ. ಮೊದಲೇ ಬೆರೆಸಿದರೆ ಬೇಳೆ, ಕಾಯಿತುರಿ, ಕ್ಯಾರೆಟ್ ಎಲ್ಲಾ ಒಂದೇ ಬಣ್ಣ. ಬೀಟ್‌ರೂಟ್ ತಿಂದ ಮೇಲೆ ಕೆಲವರಿಗೆ ಮೂತ್ರ ಕೆಂಪಾಗುತ್ತದೆ. ಎಷ್ಟೋ ಜನ ಹೆದರಿ ಫೋನು ಮಾಡುತ್ತಾರೆ. ಅದು ಗೆಡ್ಡೆಯ ಬಣ್ಣ, ಗಾಬರಿ ಬೇಡ. ಬೀಟ್‌ರೂಟ್ ತಿನ್ನದೆಯೇ ಕೆಂಪಾದರೆ ಮಾತ್ರ ಡಾಕ್ಟರ ಹತ್ತಿರ ಹೋಗಬೇಕು.

ನವಿಲುಕೋಸು ಹಸಿಯಾಗಿ ಬಹಳ ರುಚಿ, ಜನ ಅದನ್ನು ಹುಳಿಗೆ ಮಾತ್ರ ತರುತ್ತಾರೆ. ಎಳೆಯದನ್ನು ದಪ್ಪ ಸಿಪ್ಪೆ ತೆಗೆದು ತುರಿಯಿರಿ, ನೀರೂ ಅಷ್ಟಾಗಿ ಬಿಡುವುದಿಲ್ಲ. ಎಲೆಕೋಸು ನನಗೆ ಹಸಿಯಾಗಿ ಅಷ್ಟು ಸೇರುವುದಿಲ್ಲ. ಮಾಡುವವರು ಎಲೆ ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ತೊಳೆದೇ ಮಾಡಬೇಕು, ಗೆಡ್ಡೆಯನ್ನು ಹಾಗೇ ಕೊಯ್ದು ತೊಳೆಯುವುದಲ್ಲ. ಹಸಿ ತಿನ್ನುವ ಯಾವ ತರಕಾರಿಗೂ ಇದೇ ಮಾತು. ಮೊದಲು ತೊಳೆ, ಆಮೇಲೆ ಸಿಪ್ಪೆ ತೆಗೆ. ಮಣ್ಣಿನ ಗೆಡ್ಡೆಯನ್ನು ಸಿಪ್ಪೆ ತೆಗೆದು ಆಮೇಲೆ ತೊಳೆದರೆ ಚಾಕುವಿನ ಮೂಲಕ ಮಣ್ಣು ಒಳಕ್ಕೆ ಬಂದಿರುತ್ತದೆ. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ, ಈ ಒಂದು ಕೆಲಸ ಬಹಳ ಜನ ಬಿಡುತ್ತಾರೆ.

ಬೇಳೆಯ ವಿಷಯಕ್ಕೆ ಬರೋಣ. ಹೆಸರುಬೇಳೆ ಅರ್ಧ ಗಂಟೆಯಿಂದ ಒಂದು ಗಂಟೆ ನೆನೆದರೆ ಸಾಕು, ಉಗುರಿನಿಂದ ಒತ್ತಿದರೆ ಎರಡಾಗಬೇಕು, ಪುಡಿಯಾಗಬಾರದು. ಕಡಲೆಬೇಳೆಗೆ ಎರಡು ಮೂರು ಗಂಟೆ ಬೇಕು. ರಾತ್ರಿಯಿಡೀ ನೆನೆಹಾಕಿದ ಹೆಸರುಬೇಳೆ ಮೆತ್ತಗಾಗಿ ಒಂದು ತರಹದ ವಾಸನೆ ಹೊಡೆಯುತ್ತದೆ, ಬೇಸಿಗೆಯಲ್ಲಂತೂ ಇನ್ನೂ ಜಾಸ್ತಿ. ನೆನೆದ ಬೇಳೆಯನ್ನು ಜರಡಿಗೆ ಬಸಿದು, ತೆಳ್ಳನೆ ಬಟ್ಟೆಯ ಮೇಲೆ ಐದು ನಿಮಿಷ ಹರಡಿಬಿಡಿ. ಬಸಿಯದ ಬೇಳೆ ಹಾಕಿ, ಕೋಸಂಬರಿ ನೀರು ಬಿಟ್ಟಿತು ಅಂತ ಸೌತೆಕಾಯಿಯನ್ನು ಬೈದರೆ ಹೇಗೆ? ಅರ್ಧ ಬಟ್ಟಲು ಬೇಳೆಗೆ ಎರಡು ಮಧ್ಯಮ ಗಾತ್ರದ ಕ್ಯಾರೆಟ್, ಎರಡು ಮೂರು ಚಮಚ ಕಾಯಿತುರಿ, ಒಂದು ಹಸಿಮೆಣಸಿನಕಾಯಿ, ಅರ್ಧ ನಿಂಬೆಹಣ್ಣು. ನಾಲ್ಕು ಜನಕ್ಕೆ ಪಕ್ಕಕ್ಕೆ ಬಡಿಸಲು ಇಷ್ಟು ಸಾಕಾಗುತ್ತದೆ. ರಾಮನವಮಿಗೆ ಪಾನಕ, ನೀರುಮಜ್ಜಿಗೆ ಜೊತೆ ಹಂಚುವಾಗ ಮಾತ್ರ ಈ ಲೆಕ್ಕ ಬೇಡ. ಅವತ್ತು ಬೇಳೆಯೇ ಹೆಚ್ಚು, ತುರಿ ಕಡಿಮೆ ಇರಬೇಕು. ದೊನ್ನೆಯಲ್ಲಿ ತೆಗೆದುಕೊಂಡವರು ನಿಂತುಕೊಂಡೇ ತಿನ್ನುತ್ತಾರೆ, ಕೈಗೆ ನೀರು ಇಳಿಯಬಾರದು.

ಒಗ್ಗರಣೆಯನ್ನು ಕೆಲವರು ಹಾಕುವುದೇ ಇಲ್ಲ, ಎಣ್ಣೆ ಬೇಡ ಅಂತ. ನಾನು ಒಪ್ಪುವುದಿಲ್ಲ. ಕ್ಯಾರೆಟ್‌ಗೆ ಬಣ್ಣ ಕೊಡುವ ಅಂಶದಿಂದಲೇ ನಮ್ಮ ದೇಹ ಎ ಜೀವಸತ್ವ ಮಾಡಿಕೊಳ್ಳುವುದು, ಅದು ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಜಿಡ್ಡು ಬೇಕು. ಒಂದು ಚಮಚ ಎಣ್ಣೆ, ಸಾಸಿವೆ, ಕರಿಬೇವು, ಚಿಟಿಕೆ ಇಂಗು. ಹಸಿಮೆಣಸಿನಕಾಯಿಯನ್ನು ಒಗ್ಗರಣೆಯಲ್ಲಿ ಹಾಕಿದರೆ ಖಾರ ಎಲ್ಲ ಕಡೆ ಸಮನಾಗಿ ಹರಡುತ್ತದೆ, ಹಸಿಯಾಗಿ ಹಾಕಿದರೆ ಒಬ್ಬರ ಬಾಯಿಗೇ ಬೀಳುತ್ತದೆ. ಸಾಸಿವೆ ಸಿಡಿದ ಮೇಲೆ ಸೌಟನ್ನು ಪಕ್ಕಕ್ಕಿಡಿ, ಬೆಚ್ಚಗಾದ ಮೇಲೆ ಹಾಕಿ. ಚುರ್ ಅನ್ನುವ ಬಿಸಿ ಎಣ್ಣೆ ಸಾರಿಗೆ ಚೆಂದ. ಹಸಿ ತುರಿಯ ಮೇಲೆ ಬಿದ್ದರೆ ಆ ಜಾಗದ ತುರಿ ಬಾಡಿ ಮೆತ್ತಗಾಗುತ್ತದೆ.

ಈಗ ಉಪ್ಪು. ಇದನ್ನೇ ಹೇಳಬೇಕು ಅಂತ ಇಷ್ಟೆಲ್ಲ ಬರೆದೆ. ಉಪ್ಪು ಬಿದ್ದ ಕ್ಷಣದಿಂದ ತರಕಾರಿ ನೀರು ಬಿಡಲು ಶುರು ಮಾಡುತ್ತದೆ. ಆದ್ದರಿಂದ ಕೋಸಂಬರಿಗೆ ಉಪ್ಪು ಹಾಕುವುದು ಊಟಕ್ಕೆ ಕೂರುವ ಹೊತ್ತಿಗೇ. ನಮ್ಮನೆಯಲ್ಲಿ ಹಬ್ಬದ ದಿನ ಸೊಸೆ ಅಡುಗೆ ಮನೆಯಿಂದ ಕೇಳುತ್ತಾಳೆ, “ಅತ್ತೆ, ಕೋಸಂಬರಿಗೆ ಉಪ್ಪು ಹಾಕ್ಲಾ?” ನಾನು “ತಾಳಮ್ಮ, ಎಲೆ ಹಾಕಲಿ” ಅನ್ನುತ್ತೇನೆ. ಎಲೆ ಹಾಕಿ, ನೀರು ಇಟ್ಟು, ಜನ ಕೂತ ಮೇಲೆ ಉಪ್ಪು, ನಿಂಬೆರಸ, ಕಾಯಿತುರಿ, ಕೊತ್ತಂಬರಿ ಸೊಪ್ಪು ಹಾಕಿ ಬೆರಳ ತುದಿಯಲ್ಲಿ ಹಗುರವಾಗಿ ಕಲಸುವುದು. ಮುದ್ದೆ ಕಟ್ಟುವ ಹಾಗೆ ಹಿಸುಕಬೇಡಿ. ನಿಂಬೆಹಣ್ಣನ್ನೂ ಸಿಪ್ಪೆಯ ಕಹಿ ಇಳಿಯುವ ತನಕ ಹಿಂಡಬೇಡಿ, ಎರಡು ಸಲ ಒತ್ತಿದರೆ ಸಾಕು. ನೂರು ಜನರ ಅಡುಗೆಯಲ್ಲೂ ಕೈ ಪಳಗಿದವರು ಬೇಳೆ, ತುರಿ, ಕಾಯಿ ಎಲ್ಲಾ ಬೇರೆ ಬೇರೆ ಪಾತ್ರೆಯಲ್ಲಿ ಇಟ್ಟುಕೊಂಡಿರುತ್ತಾರೆ. ಪಂಕ್ತಿ ಪಂಕ್ತಿಗೆ ಬೇಕಾದಷ್ಟೇ ಕಲಸುತ್ತಾರೆ.

ಆಫೀಸಿಗೆ ಡಬ್ಬಿ ಕಟ್ಟುವವರಿಗೂ ಇದೇ ದಾರಿ. ಒಗ್ಗರಣೆ ಕಲಸಿದ ತುರಿ ಒಂದು ಡಬ್ಬಿಯಲ್ಲಿ, ಉಪ್ಪು ಒಂದು ಚಿಕ್ಕ ಪೊಟ್ಟಣದಲ್ಲಿ, ಅರ್ಧ ನಿಂಬೆಹಣ್ಣು ಹಾಗೇ. ಕಾಯಿತುರಿ ಬಿಟ್ಟುಬಿಡಿ, ಮಧ್ಯಾಹ್ನದ ಹೊತ್ತಿಗೆ ಹಳಸುತ್ತದೆ. ಅದರ ಬದಲು ಹುರಿದ ಕಡಲೆಕಾಯಿ ಬೀಜದ ಪುಡಿ ಕಟ್ಟಿಕೊಂಡು ಹೋಗಿ.

ಈ ಪುಡಿಯ ಬುದ್ಧಿ ನನಗೆ ಬಂದದ್ದು ಧಾರವಾಡದ ನಮ್ಮ ಬೀಗಿತ್ತಿಯಿಂದ. ಅವರ ಕಡೆ ಜೋಳದ ರೊಟ್ಟಿ ಜೊತೆ ಪಚಡಿ ಇದ್ದೇ ಇರುತ್ತದೆ. ಗಜ್ಜರಿ, ಸವತೆಕಾಯಿ, ಉಳ್ಳಾಗಡ್ಡಿ, ಎಳೆ ಮೆಂತ್ಯೆ ಸೊಪ್ಪು ಯಾವುದಾದರೂ ಸರಿ, ಮೇಲೆ ಶೇಂಗಾ ಪುಡಿಯೋ ಗುರೆಳ್ಳು ಪುಡಿಯೋ ಬೀಳಲೇಬೇಕು. ರುಚಿಗೆ ಅಂತ ನಾನು ಅಂದುಕೊಂಡಿದ್ದೆ. “ರುಚಿನೂ ಬರತದ, ನೀರೂ ಹೀರತದರಿ” ಅಂದರು. ನಿಜ, ತರಿತರಿಯಾದ ಪುಡಿ ತರಕಾರಿ ಬಿಡುವ ನೀರನ್ನು ಕುಡಿದು ತುರಿಗೆ ಅಂಟಿಕೊಳ್ಳುತ್ತದೆ. ಪುಡಿ ತೀರಾ ನುಣ್ಣಗಿದ್ದರೆ ಮಾತ್ರ ಮೆತ್ತಿಕೊಂಡು ಅಂಟಂಟಾಗುತ್ತದೆ. ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಮೊದಲೇ ಹುರಿದು ಪುಡಿ ಮಾಡಿ ಇಟ್ಟುಕೊಂಡರೆ ವಾರಗಟ್ಟಲೆ ಇರುತ್ತದೆ, ಡಬ್ಬಿಗೆ ಒದ್ದೆ ಚಮಚ ಹಾಕಬಾರದು ಅಷ್ಟೇ.

ಮಾವಿನಕಾಯಿ ಕಾಲದಲ್ಲಿ ನಿಂಬೆಹಣ್ಣಿನ ಗೊಡವೆಯೇ ಬೇಡ. ತೋತಾಪುರಿ ಕಾಯಿ ಹುಳಿಯೂ ಹದ, ಗಟ್ಟಿಯೂ ಹೌದು, ಚೆನ್ನಾಗಿ ತುರಿಯಲು ಬರುತ್ತದೆ. ನಾಟಿ ಕಾಯಿಯಾದರೆ ಹುಳಿ ಜಾಸ್ತಿ, ಅರ್ಧ ಹಿಡಿ ಸಾಕು. ಮೊಸರು ಬಜ್ಜಿ ಮಾಡುವುದಾದರೆ ಗಟ್ಟಿ ಮೊಸರು ತೆಗೆದುಕೊಳ್ಳಿ, ಸೌತೆಕಾಯಿಯನ್ನು ಸ್ವಲ್ಪ ಹಿಂಡಿ ಹಾಕಿ. ಇಲ್ಲದಿದ್ದರೆ ಮಜ್ಜಿಗೆಯಾಗುತ್ತದೆ.

ಹೊರಗೆ ಉಪ್ಪು ಹಾಕಿಟ್ಟ ಕೋಸಂಬರಿಯನ್ನು ಒಂದೆರಡು ಗಂಟೆಯೊಳಗೆ ಮುಗಿಸಿಬಿಡಬೇಕು. ಉಳಿಯುತ್ತದೆ ಅಂತ ಕಂಡರೆ ಮೊದಲೇ ಫ್ರಿಜ್ಜಿಗೆ ಹಾಕಿ. ಆದರೆ ಸಂಜೆ ಅದನ್ನೇ ಕೋಸಂಬರಿ ಅಂತ ಮತ್ತೆ ಬಡಿಸಬೇಡಿ, ಯಾರೂ ಮುಟ್ಟುವುದಿಲ್ಲ. ಅಕ್ಕಿಹಿಟ್ಟು, ಹೆಚ್ಚಿದ ಈರುಳ್ಳಿ, ಸ್ವಲ್ಪ ಜೀರಿಗೆ ಸೇರಿಸಿ ಕಲಸಿ. ಬೇರೆ ನೀರು ಎರಡು ಚಮಚವೂ ಬೇಕಾಗಲಿಕ್ಕಿಲ್ಲ. ತಣ್ಣಗಿರುವ ಬಾಣಲೆಗೆ ಎಣ್ಣೆ ಸವರಿ, ಬೆರಳಿಂದ ತೆಳ್ಳಗೆ ತಟ್ಟಿ, ನಡುವೆ ನಾಲ್ಕು ತೂತು ಮಾಡಿ ಎಣ್ಣೆ ಬಿಟ್ಟು ಮುಚ್ಚಿ ಬೇಯಿಸಿ. ನೆನೆದ ಬೇಳೆ ಅಲ್ಲಲ್ಲಿ ಗರಿಗರಿಯಾಗಿ ಸಿಗುತ್ತದೆ. ನಮ್ಮನೆಯಲ್ಲಿ ಮೊಮ್ಮಕ್ಕಳು ಈ ರೊಟ್ಟಿಯ ಆಸೆಗೇ ಮಧ್ಯಾಹ್ನ ಕೋಸಂಬರಿ ಉಳಿಸುತ್ತಾರೆ, ಕಳ್ಳರು.