ಬಿಸಿಲಿಲ್ಲದ ಊರಿನಲ್ಲಿ ಮೆಣಸಿನ ಅಗಿ: ಮೊದಲ ಸಲ ಬೆಳೆಸುವವರಿಗೆ

ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ, ನಮ್ಮ ಕಡೆಯಿಂದ ಕೆನಡಾದ ಟೊರಾಂಟೊಗೆ ಹೊಸದಾಗಿ ಬಂದವರಲ್ಲಿ ಒಬ್ಬರಾದರೂ ನನಗೆ ಫೋಟೊ ಕಳಿಸುತ್ತಾರೆ. ಮೊಸರಿನ ಡಬ್ಬಿ, ಅದರಲ್ಲಿ ಒದ್ದೆ ಮಣ್ಣು, ಮಣ್ಣಿನ ಮೇಲೆ ದಾರದಂತೆ ಉದ್ದಕ್ಕೆ ಎದ್ದು ಅಡ್ಡ ಬಿದ್ದ ನಾಲ್ಕು ಮೆಣಸಿನ ಅಗಿ, ಅಂದರೆ ಎಳೆ ಸಸಿ. ಜೊತೆಗೆ ಒಂದು ಸಾಲು: ‘ಅಣ್ಣಾ, ದಿನಕ್ಕೆರಡು ಸಲ ನೀರು ಹಾಕುತ್ತಿದ್ದೇನೆ, ಆದರೂ ಹೀಗೇಕಾಯಿತು?’

ದಿನಕ್ಕೆರಡು ಸಲ ನೀರು ಹಾಕಿದ್ದರಿಂದಲೇ ಹೀಗಾಯಿತು. ಆದರೆ ಬಯ್ಯಲು ಮನಸ್ಸಾಗುವುದಿಲ್ಲ, ಏಕೆಂದರೆ ಮೊದಲ ವರ್ಷ ನಾನೂ ಅದನ್ನೇ ಮಾಡಿದ್ದೆ. ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯ ನಾವು ತುಂಗಭದ್ರೆಯ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂದು ಕಾಯುತ್ತ ಬೆಳೆದವರು. ಬಿಸಿಲನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ರಾಯಚೂರಿನಲ್ಲಿ ಅದು ಬೇಡವೆಂದರೂ 40 ಡಿಗ್ರಿ ದಾಟಿ ಬರುತ್ತದೆ. ಇಲ್ಲಿ ಎಲ್ಲವೂ ತಿರುಗುಮುರುಗು. ನೀರು ನಲ್ಲಿ ತಿರುಗಿಸಿದರೆ ಬರುತ್ತದೆ, ಬೆಳಕನ್ನು ದುಡ್ಡು ಕೊಟ್ಟು ತರಬೇಕು. ಡಿಸೆಂಬರ್ ಕೊನೆಯಲ್ಲಿ ಬಳ್ಳಾರಿಯ ಹಗಲು ಹನ್ನೊಂದು ಗಂಟೆಗಿಂತ ಹೆಚ್ಚಿರುತ್ತದೆ. ಟೊರಾಂಟೊದ ಹಗಲು ಒಂಬತ್ತು ಗಂಟೆಯೂ ಇರುವುದಿಲ್ಲ, ಅದರಲ್ಲೂ ಅರ್ಧ ದಿನ ಮೋಡ. ಕೈಗೆ ಅಂಟಿದ ಊರಿನ ರೂಢಿಯನ್ನು ಬಿಟ್ಟರೆ ಉಳಿದದ್ದು ಸುಲಭ.

ಮೊದಲು ಬೀಜದ ಮಾತು. ಊರಿಂದ ಬರುವಾಗ ಅವ್ವ ಸೀರೆಯ ತುಂಡಿನಲ್ಲಿ ಕಟ್ಟಿಕೊಟ್ಟ ಬೀಜದ ಗಂಟನ್ನು ಸೂಟ್‌ಕೇಸಿನಲ್ಲಿ ಬಚ್ಚಿಟ್ಟು ತರಬೇಡಿ. ಬೀಜ, ಗಿಡ, ಮಣ್ಣು ಏನೇ ಇದ್ದರೂ ವಿಮಾನ ನಿಲ್ದಾಣದಲ್ಲಿ ಘೋಷಿಸಲೇಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಅದರ ಅಗತ್ಯವೂ ಇಲ್ಲ. ಇಲ್ಲಿನ ಭಾರತೀಯ ದಿನಸಿ ಅಂಗಡಿಯಲ್ಲಿ ಸಿಗುವ ಒಣಮೆಣಸಿನಕಾಯಿಯ ಬೀಜ ತುಂಬ ಹಳೆಯದಾಗಿರದಿದ್ದರೆ ಸಾಮಾನ್ಯವಾಗಿ ಮೊಳೆಯುತ್ತದೆ. ಅದು ಹೈಬ್ರಿಡ್ ತಳಿಯದಾಗಿದ್ದರೆ ಮಗ ಅಪ್ಪನಂತೆ ಇರುವುದಿಲ್ಲ, ಅಷ್ಟೇ. ಒಗ್ಗರಣೆ ಮಂಡಕ್ಕಿಯ ಪಕ್ಕಕ್ಕೆ ಮಿರ್ಚಿ ಇಲ್ಲದೆ ಸಂಜೆ ಕಳೆಯದವರು ಇಲ್ಲಿನ ಬೀಜದ ಪೊಟ್ಟಣಗಳಲ್ಲಿ ಹಂಗೇರಿಯನ್ ವ್ಯಾಕ್ಸ್ ಎಂಬ ಹೆಸರನ್ನು ಹುಡುಕಿ. ಉದ್ದಕ್ಕೆ, ತಿಳಿಹಳದಿ ಬಣ್ಣದಲ್ಲಿ ಬಿಡುವ ಆ ಕಾಯಿ ಬಜ್ಜಿಗೆ ಹೇಳಿ ಮಾಡಿಸಿದಂತಿದೆ. ನಮ್ಮ ಬಜ್ಜಿ ಮೆಣಸಿನಕಾಯಿಯ ರುಚಿಯೇ ಎಂದು ಕೇಳಿದರೆ ಅಲ್ಲ. ಎಣ್ಣೆಯಿಂದ ತೆಗೆದ ಬಿಸಿಯಲ್ಲಿ ಗೊತ್ತಾಗುವುದಿಲ್ಲ.

ಅಗಿಯನ್ನು ಹೊರಗೆ ನೆಡುವುದಕ್ಕೆ ಇಲ್ಲಿಯವರು ನೋಡುವ ಗಡಿ ವಿಕ್ಟೋರಿಯಾ ಡೇ, ಅಂದರೆ ಮೇ 25ರ ಹಿಂದಿನ ಸೋಮವಾರ. ಅಲ್ಲಿಂದ ಎಂಟು ಹತ್ತು ವಾರ ಹಿಂದಕ್ಕೆ ಎಣಿಸಿದರೆ ಮಾರ್ಚ್ ತಿಂಗಳು. ಉತ್ಸಾಹ ತಡೆಯಲಾರದೆ ಸಂಕ್ರಾಂತಿಗೇ ಬೀಜ ಊರಿದವರ ಮನೆಯಲ್ಲಿ ಏಪ್ರಿಲ್ ಹೊತ್ತಿಗೆ ಗಿಡ ಮೊಣಕಾಲೆತ್ತರ ಬಂದಿರುತ್ತದೆ, ಹೊರಗೆ ಹಿಮ ಬೀಳುತ್ತಿರುತ್ತದೆ.

ಮೆಣಸಿನ ಬೀಜಕ್ಕೆ ಬೇಕಾದದ್ದು ಬೆಚ್ಚನೆಯ ಮಣ್ಣು, 25ರಿಂದ 30 ಡಿಗ್ರಿ. ಮನೆಯ ಹೀಟರ್ 20ರಲ್ಲಿದ್ದರೆ ಮಣ್ಣು ಅದಕ್ಕಿಂತ ತಂಪಾಗಿರುತ್ತದೆ, ಬೀಜ ಮೂರು ವಾರ ಮಲಗಿಬಿಡುತ್ತದೆ. ಸಸಿಗೆಂದೇ ಮಾರುವ ಬಿಸಿ ಚಾಪೆಯನ್ನು ಟ್ರೇ ಕೆಳಗೆ ಹಾಸಿದರೆ ಎಂಟು ಹತ್ತು ದಿನದಲ್ಲಿ ಮೊಳಕೆ ಕಾಣುತ್ತದೆ. ಬೀಜ ಅರ್ಧ ಸೆಂಟಿಮೀಟರ್ ಆಳದಲ್ಲಿರಲಿ, ಟ್ರೇ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರಲಿ. ಅಪ್ಪ ಹೊಲದಲ್ಲಿ ಮಡಿ ಮಾಡಿದಾಗ ಭತ್ತದ ಹುಲ್ಲು ಹೊದಿಸುತ್ತಿದ್ದ, ಮೊಳಕೆ ಕಂಡ ದಿನ ಸಂಜೆಯೇ ಅದನ್ನು ತೆಗೆಸುತ್ತಿದ್ದ. ಒಂದು ದಿನ ತಡವಾದರೂ ಮನೆಮಂದಿಗೆಲ್ಲ ಬೈಗುಳ. ಪ್ಲಾಸ್ಟಿಕ್ ಹೊದಿಕೆಗೂ ಅದೇ ನಿಯಮ.

ಈಗ ಬೆಳಕು. ಕಿಟಕಿಯ ಪಕ್ಕ ಇಟ್ಟಿದ್ದೇನಲ್ಲ ಎನ್ನಬೇಡಿ. ನಮ್ಮ ಕಣ್ಣು ಮೋಸ ಮಾಡುತ್ತದೆ; ಓದಲು ಸಾಕಾಗುವ ಬೆಳಕು ಗಿಡಕ್ಕೆ ಕತ್ತಲೆಯಿದ್ದಂತೆ. ಬೆಳಕು ಹುಡುಕಿಕೊಂಡು ಕುತ್ತಿಗೆ ಉದ್ದ ಮಾಡುತ್ತದೆ, ಕೊನೆಗೆ ತನ್ನ ತಲೆಯ ಭಾರಕ್ಕೆ ತಾನೇ ಬೀಳುತ್ತದೆ. ಹೊಸಬರಲ್ಲಿ ಬಹಳ ಮಂದಿ ನೆಲಮಾಳಿಗೆಯ ಮನೆಯಲ್ಲಿರುತ್ತಾರೆ, ಅಲ್ಲಂತೂ ಕಿಟಕಿ ಎಂದರೆ ಹೆಸರಿಗಷ್ಟೇ. ಡೇಲೈಟ್ ಎಂದು ಬರೆದಿರುವ 6500 ಕೆಲ್ವಿನ್‌ನ ಸಾಮಾನ್ಯ ಎಲ್‌ಇಡಿ ಟ್ಯೂಬ್ ಅಗಿಗೆ ಸಾಕು. ಸಸಿಯ ತುದಿಯಿಂದ ಒಂದು ಗೇಣಿಗಿಂತ ಎತ್ತರಕ್ಕೆ ಕಟ್ಟಬೇಡಿ, ಗಿಡ ಬೆಳೆದಂತೆ ದೀಪವನ್ನೂ ಏರಿಸಿ. ದಿನಕ್ಕೆ 14ರಿಂದ 16 ಗಂಟೆ ಉರಿಯಲಿ, ಉಳಿದ ಹೊತ್ತು ಕತ್ತಲೆಯಲ್ಲಿ ಅದಕ್ಕೂ ನಿದ್ದೆ ಬೇಕು. 40 ವ್ಯಾಟ್‌ನ ದೀಪ 16 ಗಂಟೆ ಉರಿದರೆ ತಿಂಗಳಿಗೆ ಹೆಚ್ಚುಕಡಿಮೆ 19 ಯೂನಿಟ್. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಸಮಯಕ್ಕೆ ತಕ್ಕ ದರದ ಮೀಟರ್ ಇದ್ದರೆ ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ವಿದ್ಯುತ್ ಅಗ್ಗ. ಗಿಡದ ಹಗಲನ್ನು ಆ ಹೊತ್ತಿಗೆ ಸರಿಸಿ, ಕತ್ತಲೆಯನ್ನು ನಡುಹಗಲಿಗೆ ಹಾಕಿ. ಟೈಮರ್ ಒಂದಿದ್ದರೆ ಆಯಿತು, ಗಿಡಕ್ಕೆ ಗಡಿಯಾರ ಓದಲು ಬರುವುದಿಲ್ಲ.

ದೀಪ ಕೊಳ್ಳಲು ಹೋದಾಗ ಒಂದು ತಮಾಷೆ ನಡೆಯಿತು. ಅಂಗಡಿಯ ಹುಡುಗ ಎಷ್ಟು ಗಿಡಕ್ಕೆ ಎಂದು ಕೇಳಿದ. ನಾನು ಬಿಚ್ಚುಮನಸ್ಸಿನಿಂದ ನಲವತ್ತು ಎಂದೆ. ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. ಇಂಥ ಅಂಗಡಿಗಳ ಗಿರಾಕಿಗಳಲ್ಲಿ ಹೆಚ್ಚಿನವರು ಗಾಂಜಾ ಬೆಳೆಸುವವರು ಎಂಬುದು ನನಗೆ ಆಮೇಲೆ ಹೊಳೆಯಿತು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರು ಒಂದು ಮನೆಗೆ ನಾಲ್ಕು ಗಿಡದವರೆಗೆ ಬೆಳೆಸಬಹುದು. ತಲೆಗೆ ನಾಲ್ಕಲ್ಲ, ಮನೆಗೆ ನಾಲ್ಕು. ಕ್ವಿಬೆಕ್ ಪ್ರಾಂತ್ಯದಲ್ಲಿ ಅದಕ್ಕೂ ಅವಕಾಶವಿಲ್ಲ, ಬಾಡಿಗೆ ಕರಾರಿನಲ್ಲಿ ಬೇಡವೆಂದಿದ್ದರೂ ಇಲ್ಲ. ಊರಿನಲ್ಲಂತೂ 1985ರ ಮಾದಕ ವಸ್ತು ಕಾಯಿದೆಯಡಿ ಅನುಮತಿಯಿಲ್ಲದೆ ಒಂದು ಗಿಡ ಬೆಳೆದರೂ ಅಪರಾಧ. ಇಲ್ಲಿ ಸರಿಯಾದದ್ದು ಅಲ್ಲಿಯೂ ಸರಿ ಎಂದುಕೊಂಡು ಬೀಜ, ಎಲೆ ಏನನ್ನಾದರೂ ರಜೆಗೆ ಹೊರಟಾಗ ಚೀಲದಲ್ಲಿ ಇಟ್ಟುಕೊಂಡರೆ ಎರಡೂ ದೇಶದ ಕಾನೂನು ಹಿಡಿಯುತ್ತದೆ. ವೀಸಾದ ಮೇಲಿರುವವರು ಆ ಗೋಜಿಗೇ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ಆ ಅಂಗಡಿಯ ದೀಪ, ಟ್ರೇ, ಫ್ಯಾನು ಮಾತ್ರ ಮೆಣಸಿನಕಾಯಿಗೂ ಅಷ್ಟೇ ಚೆನ್ನಾಗಿ ಒದಗುತ್ತವೆ.

ಈ ತಮಾಷೆಯ ಮುಂದಿನ ಕಂತು ಪುಂಡಿಯದು, ಅಂದರೆ ನಮ್ಮ ಹುಳಿ ಸೊಪ್ಪಿನದು. ಪುಂಡಿಪಲ್ಲೆ ಇಲ್ಲದೆ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದ ನಾನು ಮೆಣಸಿನ ಪಕ್ಕದಲ್ಲೇ ನಾಲ್ಕು ಕುಂಡ ಪುಂಡಿ ಇಟ್ಟಿದ್ದೆ. ಮೊದಲ ಎಲೆಗಳು ದುಂಡಗೆ ಬಂದವು. ಆಮೇಲಿನವು ಐದು ಬೆರಳು ಬಿಚ್ಚಿದ ಅಂಗೈಯಂತೆ, ಅಂಚಿಗೆ ಗರಗಸದ ಹಲ್ಲು. ನೀರಿನ ಪೈಪ್ ನೋಡಲು ಕೆಳಗಿಳಿದ ಮನೆಯ ಮಾಲೀಕರು ದೀಪದ ಕೆಳಗಿನ ಆ ಎಲೆ ಕಂಡು ಮೆಟ್ಟಿಲ ಮೇಲೇ ನಿಂತರು. ಪುಂಡಿಯ ಸಸ್ಯಶಾಸ್ತ್ರದ ಹೆಸರು ಹೈಬಿಸ್ಕಸ್ ಕ್ಯಾನಬಿನಸ್, ಅಂದರೆ ಗಾಂಜಾ ಗಿಡವನ್ನು ಹೋಲುವುದು. ಹೆಸರಿಟ್ಟವರಿಗೂ ಅದೇ ಭ್ರಮೆ ಆಗಿರಬೇಕು. ಎಲೆ ಕಿತ್ತು ಅಗಿಯಲು ಕೊಟ್ಟೆ. ಹುಳಿಗೆ ಮುಖ ಕಿವುಚಿ ಅವರು ನಕ್ಕರು. ನೀವು ಮೊದಲೇ ಮನೆಯವರಿಗೆ ತಿಳಿಸಿಬಿಡಿ. ಅಂದಹಾಗೆ ಪುಂಡಿಯ ತಾಯಿಬೇರು ಕದಲಿಸಿದರೆ ಮುನಿಯುತ್ತದೆ. ಅದನ್ನು ಒಳಗೆ ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ.

ನೀರಿಗೆ ಬರುತ್ತೇನೆ. ಅಗಿಯನ್ನು ಕೊಲ್ಲುವುದರಲ್ಲಿ ಬಾಯಾರಿಕೆಗಿಂತ ಪ್ರೀತಿಯೇ ಮುಂದು. ಸಂಜೆ ನೆಟ್ಟಗಿದ್ದ ಸಸಿ ಬೆಳಿಗ್ಗೆ ಮಣ್ಣಿನ ಮಟ್ಟದಲ್ಲಿ ಯಾರೋ ಉಗುರಿನಿಂದ ಚಿವುಟಿದಂತೆ ಸಣ್ಣಗಾಗಿ ಮಲಗಿರುತ್ತದೆ. ಇದು ಸಸಿ ಕೊಳೆ ರೋಗ. ಪಿಥಿಯಂ, ರೈಜೊಕ್ಟೋನಿಯಾ ಮೊದಲಾದ ಶಿಲೀಂಧ್ರ ಮತ್ತು ಶಿಲೀಂಧ್ರದಂತಹ ಜೀವಿಗಳ ಕೆಲಸ. ತಣ್ಣನೆಯ ಒದ್ದೆ ಮಣ್ಣು, ಆಡದ ಗಾಳಿ ಅವಕ್ಕೆ ಹಬ್ಬ. ಬಿದ್ದ ಸಸಿಗೆ ಅರಿಶಿನ ಉದುರಿಸುವವರನ್ನು ನಾನು ತಡೆಯುವುದಿಲ್ಲ, ಆದರೆ ಎದ್ದು ನಿಂತದ್ದನ್ನು ಈವರೆಗೆ ನೋಡಿಲ್ಲ. ಅದನ್ನು ಮಣ್ಣಿನ ಸಮೇತ ತೆಗೆದು ಎಸೆಯಿರಿ, ಉಳಿದವುಗಳ ನೀರು ನಿಲ್ಲಿಸಿ. ಹೊಲದಲ್ಲಿ ಎತ್ತರದ ಮಡಿ ಮಾಡುವುದು ನೀರು ಬಸಿದುಹೋಗಲೆಂದೇ. ಇಲ್ಲಿ ಡಬ್ಬಿಯ ತಳಕ್ಕೆ ತೂತು ಬೇಕು, ಹಿತ್ತಲಿನ ಮಣ್ಣಿನ ಬದಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸೇರಿದ ಹೊಸ ಮಿಶ್ರಣ ಬೇಕು, ಎಲೆ ಮೆಲ್ಲಗೆ ಅಲ್ಲಾಡುವಷ್ಟು ಸಣ್ಣ ಫ್ಯಾನಿನ ಗಾಳಿ ಬೇಕು. ಆ ಗಾಳಿಗೆ ಕಾಂಡವೂ ಗಟ್ಟಿಯಾಗುತ್ತದೆ.

ಯಾವಾಗ ನೀರು ಹಾಕಬೇಕೆಂದು ಮೇಲ್ಮಣ್ಣು ನೋಡಿ ಹೇಳಲಾಗದು. ಡಬ್ಬಿಯನ್ನು ಎತ್ತಿ ನೋಡಿ. ಮಂಡಕ್ಕಿ ಪೊಟ್ಟಣದಂತೆ ಹಗುರವಾಗಿದ್ದರೆ ತಟ್ಟೆಯಲ್ಲಿ ನೀರಿಟ್ಟು ಅದರಲ್ಲಿ ಕೂರಿಸಿ, ಕೆಳಗಿನಿಂದ ಹೀರಿಕೊಳ್ಳಲಿ. ಅರ್ಧ ಗಂಟೆಯ ಮೇಲೆ ಉಳಿದ ನೀರನ್ನು ಚೆಲ್ಲಿ. ಭಾರವಿದ್ದರೆ ಕೈಕಟ್ಟಿ ಕುಳಿತುಕೊಳ್ಳಿ. ಚಳಿಗಾಲದಲ್ಲಿ ನಲ್ಲಿಯ ನೀರು ಫ್ರಿಜ್ಜಿನಿಂದ ತೆಗೆದಂತಿರುತ್ತದೆ, ಹಿಂದಿನ ರಾತ್ರಿಯೇ ಹಿಡಿದಿಡಿ. ಮಣ್ಣಿನ ಮೇಲೆ ಸಣ್ಣ ಕರಿ ನೊಣ ಹಾರಾಡಿದರೆ ನೀರು ಹೆಚ್ಚಾಗಿದೆ ಎಂದೇ ಅರ್ಥ. ಹಳದಿ ಅಂಟು ಹಾಳೆ ಅವನ್ನು ಹಿಡಿಯುತ್ತದೆ, ಓಡಿಸುವುದು ಒಣ ಮಣ್ಣು.

ಗೊಬ್ಬರಕ್ಕೆ ಅವಸರವಿಲ್ಲ. ಮೊಳಕೆಯಲ್ಲಿ ಮೊದಲು ಬಿಚ್ಚುವ ಎಲೆಜೋಡಿಯಾದ ಬೀಜದಳದ ಮೇಲೆ ನಾಲ್ಕು ನಿಜವಾದ ಎಲೆ ಬರಲಿ, ಆಮೇಲೆ ಗೊಬ್ಬರದ ಡಬ್ಬಿಯ ಮೇಲೆ ಬರೆದ ಪ್ರಮಾಣದ ಕಾಲುಭಾಗ, ವಾರಕ್ಕೊಮ್ಮೆ. ಅದೇ ಹೊತ್ತಿಗೆ ದೊಡ್ಡ ಕುಂಡಕ್ಕೆ ಬದಲಿಸಿ; ಎತ್ತುವಾಗ ಎಲೆ ಹಿಡಿಯಿರಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ.

ಮೇ ತಿಂಗಳ ಮೊದಲ ಒಳ್ಳೆಯ ಬಿಸಿಲಿಗೆ ಟ್ರೇಯನ್ನು ಒಮ್ಮೆಲೇ ಹೊರಗಿಟ್ಟು ಕೆಲಸಕ್ಕೆ ಹೋದವನು ನಾನು. ಸಂಜೆ ಬಂದಾಗ ನಲವತ್ತರಲ್ಲಿ ಮೂವತ್ತು ಗಿಡದ ಎಲೆ ಕಾಗದದಂತೆ ಬಿಳುಚಿತ್ತು. ಬಿಸಿಲ ನಾಡಿನವನ ಗಿಡಕ್ಕೆ ಬಿಸಿಲು ಬಡಿಯಿತು ಎಂದು ಹೆಂಡತಿ ಇವತ್ತಿಗೂ ನಗುತ್ತಾಳೆ. ದೀಪದಡಿ ಬೆಳೆದ ಎಲೆಗೆ ಸೂರ್ಯ ಅಪರಿಚಿತ. ಮೊದಲ ದಿನ ನೆರಳಿನಲ್ಲಿ ಒಂದು ಗಂಟೆ, ಆಮೇಲೆ ದಿನಕ್ಕೊಂದು ಗಂಟೆ ಹೆಚ್ಚಿಸುತ್ತ ವಾರ ಹತ್ತು ದಿನ ರೂಢಿ ಮಾಡಿಸಿ. ರಾತ್ರಿಯ ತಾಪಮಾನ 12 ಡಿಗ್ರಿಗಿಂತ ಕೆಳಗಿಳಿಯುವ ದಿನ ಒಳಗೆ ತನ್ನಿ.

ಸೆಪ್ಟೆಂಬರ್‌ನಲ್ಲಿ ಮತ್ತೆ ಚಳಿ ಹತ್ತಿದಾಗ ಒಳ್ಳೆಯ ಫಸಲು ಕೊಟ್ಟ ಒಂದೆರಡು ಗಿಡವನ್ನು ಉಳಿಸಿಕೊಳ್ಳಬಹುದು, ಮೆಣಸಿನ ಗಿಡ ಒಂದೇ ವರ್ಷಕ್ಕೆ ಸಾಯಬೇಕೆಂದೇನೂ ಇಲ್ಲ. ಕೊಂಬೆ ಕತ್ತರಿಸಿ ಗಿಡ್ಡ ಮಾಡಿ ಒಳಗಿಡಿ. ಒಳಗೆ ತರುವ ಮೊದಲು ಎಲೆಯ ಅಡಿಭಾಗವನ್ನು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಇಲ್ಲವಾದರೆ ಹೇನು ಕರಿಬೇವಿನ ಗಿಡಕ್ಕೂ ಹತ್ತುತ್ತದೆ.